ಹಳೆಯ ಯೆಜ್ಡಿ, ಜಾವಾಗಳಿಗೆ ಪಾರ್ಟ್ಸ್ ಸಿಗುವುದೇ ಇಲ್ಲವೇ? ಗುಜರಿಗೆ ಹಾಕುವ ಮುನ್ನ ಇದನ್ನು ಓದಿ

ಯಲಹಂಕ, ಹೆಬ್ಬಾಳ, ಆರ್.ಟಿ. ನಗರದ ಹಳೆಯ ಮನೆಗಳ ಕಾಂಪೌಂಡಿನಲ್ಲಿ ಟಾರ್ಪಾಲು ಹೊದ್ದು ನಿಂತ ಯೆಜ್ಡಿಯೋ, ಜಾವಾವೋ, ಆರ್‌ಎಕ್ಸ್ 100 ಬೈಕೋ ಕಾಣುವುದು ಅಪರೂಪವೇನಲ್ಲ. ಅಪ್ಪ ಓಡಿಸುತ್ತಿದ್ದ ಗಾಡಿ, ಮಾರಲು ಮನಸ್ಸಿಲ್ಲ, ರಿಪೇರಿ ಮಾಡಿಸಲು ಧೈರ್ಯವಿಲ್ಲ. ಕೇಳಿದರೆ ಬರುವ ಉತ್ತರಗಳು ಸಾಮಾನ್ಯವಾಗಿ ಮೂರು: "ಪಾರ್ಟ್ಸ್ ಸಿಗಲ್ಲ", "15 ವರ್ಷ ಆದ ಗಾಡಿ ಸ್ಕ್ರ್ಯಾಪ್ ಮಾಡಲೇಬೇಕಂತೆ", "ಈಗಿನ ಪೆಟ್ರೋಲ್ ಹಾಕಿದರೆ ಇಂಜಿನ್ ಹೋಗುತ್ತಂತೆ".

ಈ ಮೂರರಲ್ಲೂ ಸ್ವಲ್ಪ ಸತ್ಯವಿದೆ, ಅದಕ್ಕಿಂತ ಹೆಚ್ಚು ಉತ್ಪ್ರೇಕ್ಷೆಯಿದೆ. ಇಂಥ ಅರ್ಧಸತ್ಯ ನಂಬಿದರೆ ಓಡಬಲ್ಲ ಗಾಡಿ ಕಬ್ಬಿಣದ ಬೆಲೆಗೆ ಹೋಗುತ್ತದೆ. ಇಲ್ಲವೇ "ಸಿಕ್ಕಿದ್ದೇ ಭಾಗ್ಯ" ಎಂದು ಯಾವುದೋ ಪಾರ್ಟ್ ಹಾಕಿಸಿ ಜೀವಕ್ಕೇ ಅಪಾಯ ತಂದುಕೊಳ್ಳುತ್ತೇವೆ. ಹಾಗಾದರೆ ವಾಸ್ತವವೇನು? ಒಂದೊಂದಾಗಿ ನೋಡೋಣ.

ಪಾರ್ಟ್ಸ್ ಕೊರತೆ ಬಂದಿದ್ದು ಏಕೆ?

ಜಾವಾ ಕರ್ನಾಟಕದ ಮಟ್ಟಿಗೆ ಹೊರಗಿನ ಹೆಸರಲ್ಲ. ಜೆಕೊಸ್ಲೊವಾಕಿಯಾದ ಕಂಪನಿಯ ಪರವಾನಗಿಯೊಂದಿಗೆ ಐಡಿಯಲ್ ಜಾವಾ ಕಂಪನಿ 1960ರಲ್ಲಿ ಮೈಸೂರಿನಲ್ಲಿ ಶುರುವಾಯಿತು. ಯಾದವಗಿರಿಯ ಕಾರ್ಖಾನೆಯಲ್ಲಿ ಮೊದಲು ಜಾವಾ, 1973ರಿಂದ ಯೆಜ್ಡಿ ಹೆಸರಿನ ಬೈಕುಗಳು ತಯಾರಾದವು. ಪ್ರಸಿದ್ಧ ರೋಡ್‌ಕಿಂಗ್ ಬಂದಿದ್ದು 1978ರಲ್ಲಿ. ಹೆಚ್ಚು ಮೈಲೇಜು ಕೊಡುವ ಜಪಾನಿ ತಂತ್ರಜ್ಞಾನದ ಬೈಕುಗಳ ಪೈಪೋಟಿ, ಬಿಗಿಯಾದ ಹೊಗೆ ನಿಯಮಗಳು, ಕಾರ್ಖಾನೆಯೊಳಗಿನ ಸಮಸ್ಯೆಗಳು ಎಲ್ಲ ಸೇರಿ 1996ರಲ್ಲಿ ಕಾರ್ಖಾನೆ ಮುಚ್ಚಿತು. ಯಮಹಾ ಆರ್‌ಎಕ್ಸ್ 100 ತಯಾರಿಕೆ ನಿಂತಿದ್ದೂ ಅದೇ ವರ್ಷ.

ಕಾರ್ಖಾನೆ ನಿಂತರೆ ಪಾರ್ಟ್ಸ್ ಪೂರೈಕೆಯೂ ನಿಲ್ಲುತ್ತದೆ. ಡೀಲರುಗಳ ಬಳಿ ಉಳಿದಿದ್ದ ದಾಸ್ತಾನು ನಿಧಾನವಾಗಿ ಕರಗಿತು. ಈಗ ಸಿಗುವುದು ನಾಲ್ಕು ಬಗೆಯ ಸರಕು: ಉಳಿದ ಹಳೆಯ ದಾಸ್ತಾನು, ಬಿಚ್ಚಿದ ಗಾಡಿಯ ಪಾರ್ಟ್ಸ್, ಸಣ್ಣ ಘಟಕಗಳು ಮಾಡುವ ನಕಲು, ಹಾಗೂ ಹಳೆಯ ಜಾವಾ ಮಾದರಿಗಳಿಗಾಗಿ ಜೆಕ್ ದೇಶದಲ್ಲಿ ಇಂದಿಗೂ ತಯಾರಾಗುವ ಭಾಗಗಳು. ಬೆಂಗಳೂರಿನಲ್ಲಿ ಜೆ.ಸಿ. ರಸ್ತೆಯ ಅಂಗಡಿಗಳು ಮತ್ತು ಶಿವಾಜಿನಗರದ ಗುಜರಿಗಳು ಮೊದಲಿಂದಲೂ ಈ ಹುಡುಕಾಟದ ಜಾಗಗಳು.

"ಹೊಸ ಜಾವಾ ಶೋರೂಮಿನಲ್ಲಿ ಸಿಗುತ್ತೆ" ನಿಜವೇ?

ಇಲ್ಲ. 2018ರಲ್ಲಿ ಮರಳಿ ಬಂದ ಜಾವಾ ಮತ್ತು 2022ರಲ್ಲಿ ಬಂದ ಯೆಜ್ಡಿಯ ಇಂಜಿನ್‌ಗಳು ಫೋರ್ ಸ್ಟ್ರೋಕ್, ನೀರಿನಿಂದ ತಣಿಯುವಂಥವು. ಹಳೆಯವು ಟೂ ಸ್ಟ್ರೋಕ್, ಗಾಳಿಯಿಂದ ತಣಿಯುವಂಥವು. ಹೆಸರು ಒಂದೇ, ಆದರೆ ಇಂಜಿನ್ ಬೇರೆಯೇ. ಪಿಸ್ಟನ್, ಕ್ಲಚ್, ಕಾರ್ಬೊರೇಟರ್ ಯಾವುದೂ ಅದಲುಬದಲು ಆಗುವುದಿಲ್ಲ.

ಗಾಡಿ ಹೆಸರು ಹೇಳಬೇಡಿ, ಅಳತೆ ಹೇಳಿ

ಬಹಳ ಜನರಿಗೆ ಗೊತ್ತಿಲ್ಲದ ವಿಷಯ ಇದು. "ಸಿಗಲ್ಲ" ಎನ್ನುವ ಪಾರ್ಟ್‌ಗಳಲ್ಲಿ ಕೆಲವು ನಿಜಕ್ಕೂ ಅಪರೂಪದವಲ್ಲ. ಬೇರಿಂಗ್‌ಗಳಿಗೆ ಅಂತಾರಾಷ್ಟ್ರೀಯ ಅಳತೆ ಇದೆ. 6204 ಎಂದು ಬರೆದಿದ್ದರೆ ಒಳವ್ಯಾಸ 20, ಹೊರವ್ಯಾಸ 47, ದಪ್ಪ 14 ಮಿಲಿಮೀಟರ್. ಇದನ್ನು ಯಾವ ಕಂಪನಿ ಮಾಡಿದರೂ ಅಳತೆ ಅದೇ. ಪಂಪ್‌ಸೆಟ್ಟಿನ ಬೇರಿಂಗ್ ಮಾರುವ ಅಂಗಡಿಯಲ್ಲೂ ಅದು ಸಿಗಬಹುದು. ಆದರೆ ಸಂಖ್ಯೆಯ ಮುಂದೆ ಇರುವ 'ಸಿ3'ಯಂಥ ಗುರುತನ್ನೂ ಹೊಂದಿಸಬೇಕು. ಅದು ಬೇರಿಂಗಿನ ಒಳಗಿನ ಸಡಿಲವನ್ನು ಹೇಳುತ್ತದೆ. ಆಯಿಲ್ ಸೀಲ್ ಮೇಲೂ ಒಳವ್ಯಾಸ, ಹೊರವ್ಯಾಸ, ದಪ್ಪ ಅಚ್ಚಾಗಿರುತ್ತದೆ. ಚೈನಿಗೂ 428, 520, 530 ಎಂಬ ಸಂಖ್ಯೆಗಳಿವೆ.

ಆದ್ದರಿಂದ ಹಳೆಯ ಪಾರ್ಟ್ ಬಿಚ್ಚಿದ ಕೂಡಲೇ ಎಸೆಯಬೇಡಿ. ಒರೆಸಿ, ಮೇಲಿನ ಸಂಖ್ಯೆಯ ಫೋಟೋ ತೆಗೆದುಕೊಳ್ಳಿ. ಸಂಖ್ಯೆ ಅಳಿಸಿದ್ದರೆ ವರ್ನಿಯರ್ ಕ್ಯಾಲಿಪರ್‌ನಲ್ಲಿ ಅಳತೆ ತೆಗೆಸಿ.

ಟೂ ಸ್ಟ್ರೋಕ್ ಇಂಜಿನ್ನಿನಲ್ಲಿ ಕ್ರ್ಯಾಂಕಿನ ಸೀಲು ಕೇವಲ ಆಯಿಲ್ ತಡೆಯುವುದಿಲ್ಲ. ಕ್ರ್ಯಾಂಕ್ ಪೆಟ್ಟಿಗೆಯೊಳಗಿನ ಒತ್ತಡದಿಂದಲೇ ಪೆಟ್ರೋಲ್ ಮಿಶ್ರಣ ಸಿಲಿಂಡರಿಗೆ ಏರಬೇಕು. ಕಳಪೆ ಸೀಲಿನಿಂದ ಹೊರಗಿನ ಗಾಳಿ ಒಳಸೇರಿದರೆ ಮಿಶ್ರಣದಲ್ಲಿ ಪೆಟ್ರೋಲ್, ಆಯಿಲ್ ಎರಡರ ಪ್ರಮಾಣವೂ ತಗ್ಗುತ್ತದೆ, ಇಂಜಿನ್ ವಿಪರೀತ ಕಾಯುತ್ತದೆ, ಪಿಸ್ಟನ್ ಹಿಡಿದುಕೊಳ್ಳುತ್ತದೆ. ಓಡುತ್ತಿರುವಾಗ ಹೀಗಾದರೆ ಹಿಂದಿನ ಚಕ್ರವೂ ಲಾಕ್ ಆಗಬಹುದು. ಸಣ್ಣ ಸೀಲಿನಲ್ಲಿ ಉಳಿಸುವ ಹಣ ಇಷ್ಟು ದುಬಾರಿಯಾಗಬಹುದು.

ಪೀಣ್ಯದ ಲೇತ್‌ಗಳು

ಉತ್ತರ ಬೆಂಗಳೂರಿನವರಿಗೆ ಒಂದು ಅನುಕೂಲವಿದೆ. ಯಶವಂತಪುರ ದಾಟಿದರೆ ಪೀಣ್ಯ ಕೈಗಾರಿಕಾ ಪ್ರದೇಶ. ಜಾಲಹಳ್ಳಿಯಲ್ಲಿ 1953ರಲ್ಲಿ ಶುರುವಾದ ಎಚ್‌ಎಂಟಿ ಲೇತ್‌ಗಳನ್ನೇ ತಯಾರಿಸುತ್ತಿತ್ತು. ಟರ್ನಿಂಗ್, ಮಿಲ್ಲಿಂಗ್, ಗ್ರೈಂಡಿಂಗ್, ಪ್ಲೇಟಿಂಗ್ ಬಲ್ಲವರು ಈ ಸುತ್ತಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ಬುಷ್, ಪಿನ್, ಸ್ಪೇಸರ್‌ಗಳನ್ನು ಹೊಸದಾಗಿ ಮಾಡಿಸಬಹುದು. ಸಿಲಿಂಡರನ್ನು ಬೋರ್ ಮಾಡಿಸಿ ದೊಡ್ಡ ಪಿಸ್ಟನ್ ಹಾಕಿಸಬಹುದು. ಬೋರ್ ಮಿತಿ ಮುಗಿದಿದ್ದರೆ ಹೊಸ ಸ್ಲೀವ್ ಕೂರಿಸಬಹುದು.

ಆದರೆ ಎಲ್ಲವನ್ನೂ ಹೀಗೆ ಮಾಡಿಸಬಾರದು. ಆಕ್ಸಲ್, ಹ್ಯಾಂಡಲ್, ಫೋರ್ಕ್, ಬ್ರೇಕ್ ರಾಡ್‌ಗಳಿಗೆ ಉಕ್ಕಿನ ಗುಣ ಮತ್ತು ಹದ ಎರಡೂ ಮುಖ್ಯ. ಅಳತೆ ಸರಿಯಿದ್ದರೂ ಉಕ್ಕು ತಪ್ಪಾಗಿದ್ದರೆ ಒಂದು ದಿನ ತುಂಡಾಗುತ್ತದೆ. ಇಂಥವಕ್ಕೆ ಬೆಸುಗೆ ಹಾಕಿಸಿ ಕೆಲಸ ಸಾಗಿಸುವುದೂ ಬೇಡ.

"ಹಳೇ ಸ್ಟಾಕ್ ಅಂದ್ರೆ ಬಂಗಾರ" ಎಲ್ಲದಕ್ಕೂ ಅನ್ವಯವಾಗದು

ಲೋಹದ ಭಾಗಗಳಿಗೆ ಈ ಮಾತು ಬಹುಮಟ್ಟಿಗೆ ನಿಜ. ರಬ್ಬರಿಗೆ ಅಲ್ಲ. ಪೊಟ್ಟಣ ಒಡೆಯದಿದ್ದರೂ ರಬ್ಬರು ವರ್ಷ ಕಳೆದಂತೆ ಗಟ್ಟಿಯಾಗುತ್ತದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಯ ತಾರೀಖು ಇರುತ್ತದೆ. 1219 ಎಂದರೆ 2019ರ 12ನೇ ವಾರದ್ದು. ಮೂರೇ ಅಂಕಿ ಇದ್ದರೆ ಅದು 2000ಕ್ಕಿಂತ ಮೊದಲಿನದು. ಎಷ್ಟೇ ಹೊಳೆಯುತ್ತಿದ್ದರೂ ರಸ್ತೆಗೆ ಯೋಗ್ಯವಲ್ಲ.

ಬ್ರೇಕ್ ಶೂ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಹಳೆಯ ಕಾಲದ ಲೈನಿಂಗ್‌ಗಳಲ್ಲಿ ಆಸ್ಬೆಸ್ಟಾಸ್ ಬಳಕೆ ಸಾಮಾನ್ಯವಾಗಿತ್ತು. ಅದರ ನಾರು ಉಸಿರಿನಲ್ಲಿ ಸೇರಿದರೆ ಶ್ವಾಸಕೋಶದ ಕ್ಯಾನ್ಸರ್ ಸೇರಿದಂತೆ ಗಂಭೀರ ಕಾಯಿಲೆಗಳು ಹತ್ತಾರು ವರ್ಷಗಳ ನಂತರ ಕಾಣಿಸಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಇದನ್ನು ಖಚಿತ ಕ್ಯಾನ್ಸರ್‌ಕಾರಕಗಳ ಗುಂಪಿನಲ್ಲಿಟ್ಟಿದೆ. ಹಳೆಯ ಡ್ರಮ್ ಬಿಚ್ಚಿದಾಗ ಬಾಯಲ್ಲಾಗಲಿ, ಏರ್ ಪೈಪಿನಲ್ಲಾಗಲಿ ಧೂಳು ಊದಬೇಡಿ. ಒದ್ದೆ ಬಟ್ಟೆಯಲ್ಲಿ ಒರೆಸಿ, ಬಟ್ಟೆಯನ್ನು ಕವರಿನಲ್ಲಿ ಕಟ್ಟಿ ಎಸೆಯಿರಿ. ಹೊಸ ಲೈನಿಂಗ್ ಹಾಕಿಸುವಾಗ ಆಸ್ಬೆಸ್ಟಾಸ್ ಇಲ್ಲದ್ದನ್ನೇ ಕೇಳಿ. ನಿಮಗಿಂತ ಹೆಚ್ಚು ಅಪಾಯ ದಿನವೂ ಇದೇ ಕೆಲಸ ಮಾಡುವ ಮೆಕ್ಯಾನಿಕ್‌ಗಿದೆ. ಅವರಿಗೂ ತಿಳಿಸಿ.

ಎಥೆನಾಲ್ ಪೆಟ್ರೋಲ್ ಇಂಜಿನ್ ಹಾಳು ಮಾಡುತ್ತದೆಯೇ?

ಈಗ ಬಂಕ್‌ಗಳಲ್ಲಿ ಸಿಗುವ ಇ20 ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥೆನಾಲ್ ಇರುತ್ತದೆ. "ಒಂದೇ ಟ್ಯಾಂಕಿಗೆ ಇಂಜಿನ್ ಢಮಾರ್" ಎನ್ನುವುದು ಸುಳ್ಳು. ಆದರೆ "ಏನೂ ಆಗಲ್ಲ" ಎನ್ನುವುದೂ ಸರಿಯಲ್ಲ. ಹಳೆಯ ಬಗೆಯ ರಬ್ಬರ್ ಪೈಪು, ವಾಷರ್‌ಗಳು ಎಥೆನಾಲ್‌ನಿಂದ ಉಬ್ಬಬಹುದು, ಬಿರುಕು ಬಿಡಬಹುದು. ಎಥೆನಾಲ್ ಗಾಳಿಯ ತೇವ ಹೀರುವುದರಿಂದ ನಿಂತ ಗಾಡಿಯ ಕಬ್ಬಿಣದ ಟ್ಯಾಂಕ್ ತುಕ್ಕು ಹಿಡಿಯಬಹುದು. ಹಳೆಯ ಕಾರ್ಬೊರೇಟರ್ ತಾನಾಗಿ ಹೊಂದಿಕೊಳ್ಳುವುದಿಲ್ಲವಾದ್ದರಿಂದ ಮಿಶ್ರಣ ತೆಳುವಾಗುತ್ತದೆ. ಪರಿಹಾರ ಇಷ್ಟೇ: ಎಥೆನಾಲ್ ತಾಳುವ ಪೈಪು ಹಾಕಿಸಿ, ಜೆಟ್ ಹೊಂದಿಸಿಕೊಳ್ಳಿ, ವಾರಗಟ್ಟಲೆ ನಿಲ್ಲಿಸುವುದಿದ್ದರೆ ಕಾರ್ಬೊರೇಟರ್ ಖಾಲಿ ಮಾಡಿ.

15 ವರ್ಷ ದಾಟಿದರೆ ಸ್ಕ್ರ್ಯಾಪ್ ಕಡ್ಡಾಯವೇ?

ಕರ್ನಾಟಕದಲ್ಲಿ ಖಾಸಗಿ ಬೈಕಿಗೆ ಅಂಥ ನಿಯಮವಿಲ್ಲ. 10 ಮತ್ತು 15 ವರ್ಷಗಳ ಮಿತಿಯ ಸುದ್ದಿ ದೆಹಲಿ ಸುತ್ತಮುತ್ತಲ ಪ್ರದೇಶಕ್ಕೆ ಬಂದ ಆದೇಶಗಳದ್ದು. 2023ರ ಏಪ್ರಿಲ್‌ನಿಂದ 15 ವರ್ಷ ದಾಟಿದವುಗಳ ನೋಂದಣಿ ರದ್ದು ಎಂದಿದ್ದು ಸರ್ಕಾರಿ ವಾಹನಗಳಿಗೆ. ನಮ್ಮಲ್ಲಿ 15 ವರ್ಷದ ನಂತರ ಗಾಡಿ ತಪಾಸಣೆ ಮಾಡಿಸಿ, ಶುಲ್ಕ ಕಟ್ಟಿ, 5 ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕು. ಕೆಎ-04 ಗಾಡಿಗೆ ಯಶವಂತಪುರ, ಕೆಎ-50 ಗಾಡಿಗೆ ಯಲಹಂಕ ಆರ್‌ಟಿಒ.

ಇನ್ನು 'ವಿಂಟೇಜ್' ನೋಂದಣಿ. 2021ರ ಕೇಂದ್ರ ನಿಯಮದ ಪ್ರಕಾರ ಗಾಡಿಗೆ 50 ವರ್ಷ ದಾಟಿರಬೇಕು, ಮೂಲ ರೂಪದಲ್ಲಿರಬೇಕು. ಅಂದರೆ ಮೊಟ್ಟಮೊದಲ ರೋಡ್‌ಕಿಂಗ್‌ಗೂ 2028ರವರೆಗೆ ಅದು ಸಿಗದು. ಸಿಕ್ಕರೂ ಪ್ರದರ್ಶನ, ರ್‍ಯಾಲಿಯಂಥ ಉದ್ದೇಶಕ್ಕೆ ಮಾತ್ರ. ದಿನಾ ಆಫೀಸಿಗೆ ಓಡಿಸುವಂತಿಲ್ಲ.

ಅಗ್ಗದ ಪಾರ್ಟ್ ಎಲ್ಲಿಂದ ಬಂತು?

ಅಪರೂಪದ ವಸ್ತುವಿಗೆ ಬೆಲೆ ಏರಿದಷ್ಟೂ ಕಳ್ಳತನದ ಆಸೆಯೂ ಏರುತ್ತದೆ. ಇಡೀ ಇಂಜಿನ್ ಅಥವಾ ಚಾಸಿಸ್ ಕೊಳ್ಳುವಾಗ ಅದರ ಸಂಖ್ಯೆ ಆರ್‌ಸಿಗೆ ತಾಳೆಯಾಗುತ್ತದೆಯೇ ನೋಡಿ. ಸಂಖ್ಯೆ ಉಜ್ಜಿದ್ದರೆ ಮುಟ್ಟಲೇಬೇಡಿ. ಕದ್ದ ಮಾಲೆಂದು ಗೊತ್ತಿದ್ದೂ ಕೊಳ್ಳುವುದು ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಂ ಪ್ರಕಾರ ಅಪರಾಧ. ಇಂಜಿನ್ ಬದಲಿಸಿದರೆ ಆರ್‌ಸಿಯಲ್ಲೂ ಅದು ದಾಖಲಾಗಬೇಕು.

ಆನ್‌ಲೈನ್‌ನಲ್ಲಿ ಫೋಟೋ ನೋಡಿ ಪೂರ್ತಿ ಹಣ ಮುಂಗಡ ಹಾಕಬೇಡಿ. ಪಾರ್ಟಿನ ಪಕ್ಕದಲ್ಲಿ ಇವತ್ತಿನ ದಿನಪತ್ರಿಕೆ ಇಟ್ಟು ವಿಡಿಯೋ ಕಳಿಸಲು ಹೇಳಿ. ಹಣ ಪಡೆಯಲು ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡುವ ಅಗತ್ಯ ಎಂದೂ ಇರುವುದಿಲ್ಲ. ಮೋಸ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಒಟ್ಟಿನಲ್ಲಿ ಹೇಳುವುದಾದರೆ, ಹಳೆಯ ಬೈಕಿನ ಪಾರ್ಟ್ಸ್ ಹುಡುಕುವುದು ಕಷ್ಟ, ಅಸಾಧ್ಯವಲ್ಲ. ಯಾವ ಭಾಗ ಅಳತೆ ನೋಡಿ ಕೊಳ್ಳುವಂಥದ್ದು, ಯಾವುದು ಮಾಡಿಸುವಂಥದ್ದು, ಯಾವುದರಲ್ಲಿ ರಾಜಿ ಮಾಡಿಕೊಳ್ಳಲೇಬಾರದು ಎಂದು ಮೊದಲು ಪಟ್ಟಿ ಮಾಡಿ. ಬ್ರೇಕು ಮತ್ತು ಟೈರಿನಿಂದ ಶುರು ಮಾಡಿ, ಕ್ರೋಮಿನ ಹೊಳಪು ಕೊನೆಗಿರಲಿ. "ಹಳೇ ಗಾಡಿಗಳೆಲ್ಲ ಸ್ಕ್ರ್ಯಾಪ್" ಎಂಬ ಮೆಸೇಜ್ ನಿಮ್ಮ ಫ್ಯಾಮಿಲಿ ಗ್ರೂಪಿಗೆ ಬಂದರೆ ಮುಂದಕ್ಕೆ ಕಳಿಸುವ ಬದಲು ಅದು ಯಾವ ಊರಿನ, ಯಾವ ಬಗೆಯ ವಾಹನದ ನಿಯಮ ಎಂದು ಕೇಳಿ. ಆ ಒಂದು ಪ್ರಶ್ನೆಯಿಂದ ಯಾರದೋ ಅಪ್ಪನ ಗಾಡಿ ಉಳಿಯಬಹುದು.