ಹಗಲಿನ ಅಗಳಿ

ಕಳ್ಳರಿಗಂಜಿ ರಾತ್ರಿ ಅಗಳಿ ಹಾಕುವುದು ಲೋಕರೂಢಿ. 1928ರಲ್ಲಿ ಗುಜರಾತಿನ ಬಾರ್ಡೋಲಿಯ ರೈತರು ಹಗಲೇ ಅಗಳಿ ಹಾಕಿದರು, ಸರ್ಕಾರಕ್ಕಂಜಿ! ಮುಂಬಯಿ ಸರ್ಕಾರ ಶೇಕಡಾ 22ರಷ್ಟು ಏರಿಸಿದ್ದ ಕಂದಾಯವನ್ನು ವಲ್ಲಭಭಾಯಿ ಪಟೇಲರ ಮುಂದಾಳ್ತನದಲ್ಲಿ ಅವರು ಕೊಡಲೊಲ್ಲೆವೆಂದಿದ್ದರು. ಜಪ್ತಿಯ ಅಧಿಕಾರಿಗಳು ಪಠಾಣರೊಡನೆ ಮನೆಗಳಿಗೆ ನುಗ್ಗಿದರು. ಪಾತ್ರೆ, ಗಾಡಿ, ಎಮ್ಮೆ, ಯಾವುದೂ ಉಳಿಯಲಿಲ್ಲ. ಬಾಕಿ ವಸೂಲು ಮಾಡುವುದು ಸರ್ಕಾರದ ಹಕ್ಕೆನ್ನೋಣ. ಬಾಕಿಯೇ ಇಲ್ಲದವನ ಎಮ್ಮೆಯನ್ನು ಎಳೆದೊಯ್ಯುವುದು ಯಾವ ಹಕ್ಕು? ಹೆಂಗಸರು, ಮಕ್ಕಳು, ದನಕರುಗಳು ಗಾಳಿಬೆಳಕಿಲ್ಲದ ಒಂದೇ ಮನೆಯಲ್ಲಿ ತಿಂಗಳುಗಟ್ಟಲೆ ಕಳೆದರು. ಎಮ್ಮೆ ಯಾವ ಕಾನೂನನ್ನು ಮುರಿದಿತ್ತೋ, ಸೆರೆವಾಸವಂತೂ ಅದಕ್ಕೂ ತಪ್ಪಲಿಲ್ಲ. ಕನ್ಹಯ್ಯಾಲಾಲ್ ಮುನ್ಶಿಯವರು ಇದನ್ನು ಕಣ್ಣಾರೆ ಕಂಡು ಗವರ್ನರರಿಗೆ ಪತ್ರ ಬರೆದರು.

ಆಗಸ್ಟಿನಲ್ಲಿ ಒಪ್ಪಂದವಾಯಿತು, ಎಮ್ಮೆಗಳು ಬಿಸಿಲು ಕಂಡವು. ಬಳಿಕ ಸರ್ಕಾರವೇ ನೇಮಿಸಿದ ಬ್ರೂಮ್‌ಫೀಲ್ಡ್, ಮ್ಯಾಕ್ಸ್‌ವೆಲ್ ಎಂಬ ಅಧಿಕಾರಿಗಳು ಲೆಕ್ಕ ಹಾಕಿದರು. ನ್ಯಾಯವಾದ ಏರಿಕೆ ಶೇಕಡಾ 6.03 ಮಾತ್ರ!