ಡೀಸೆಲ್ ಫಿಲ್ಟರ್: ಸಣ್ಣ ಖರ್ಚು, ದೊಡ್ಡ ಲೆಕ್ಕ

ತೊಗರಿಯ ರಾಶಿ ಮುಗಿದು ಮಾಲು ಮಾರುಕಟ್ಟೆಗೆ ಹೊರಡುವ ದಿನಗಳಲ್ಲಿ ಕುರಕುಂಟಾ–ಸೇಡಂ ರಸ್ತೆಯ ಬದಿಯಲ್ಲಿ ಚೀಲಗಳನ್ನು ಹೇರಿದ ಪಿಕಪ್ ವಾಹನವೊಂದು ನಿಂತಿರುವ ದೃಶ್ಯ ಅಪರೂಪದ್ದಲ್ಲ. ಏರಿನಲ್ಲಿ ಎಳೆತ ಕಡಿಮೆಯಾಯಿತು, ಎಂಜಿನ್ ಎರಡು ಬಾರಿ ಕೆಮ್ಮಿತು, ಬಳಿಕ ನಿಂತಿತು. ಚಾಲಕ ಮಾಲೀಕನಿಗೆ ಫೋನ್ ಮಾಡುತ್ತಾನೆ, ಮಾಲೀಕ ಗ್ಯಾರೇಜಿಗೆ ಮಾಡುತ್ತಾನೆ. ಅಡತ ಅಂಗಡಿಯವರು ಮಾಲಿಗಾಗಿ ಕಾಯುತ್ತಿರುತ್ತಾರೆ. ಸಂಜೆಯ ಹೊತ್ತಿಗೆ ಬಂದ ಮೆಕ್ಯಾನಿಕ್ ಬಿಚ್ಚಿ ತೋರಿಸುವುದು ಅಂಗೈಯಲ್ಲಿ ಹಿಡಿಯಬಹುದಾದ ಒಂದು ಡಬ್ಬಿ: ಡೀಸೆಲ್ ಫಿಲ್ಟರ್. ಕಪ್ಪುಗಟ್ಟಿದ ಕಾಗದದ ಪದರ, ತಳದಲ್ಲಿ ನೀರು. ಅದನ್ನು ಕೊನೆಯ ಬಾರಿ ಬದಲಿಸಿದ್ದು ಯಾವಾಗ ಎಂಬ ಪ್ರಶ್ನೆಗೆ ಚಾಲಕನ ಬಳಿಯಾಗಲಿ ಮಾಲೀಕನ ಬಳಿಯಾಗಲಿ ಉತ್ತರವಿರುವುದಿಲ್ಲ.

ಇದು ಯಂತ್ರದ ವಿಷಯ, ಗ್ಯಾರೇಜಿನವರಿಗೆ ಬಿಟ್ಟ ವಿಷಯ ಎಂದು ವ್ಯಾಪಾರಿಗಳು ಭಾವಿಸುವುದುಂಟು. ವಾಸ್ತವವಾಗಿ ಇದು ಮೊದಲು ಲೆಕ್ಕದ ವಿಷಯ. ಹತ್ತು ರೂಪಾಯಿಯ ವ್ಯತ್ಯಾಸಕ್ಕೆ ಕಿರ್ದಿ ಪುಸ್ತಕವನ್ನು ಮೂರು ಸಲ ತಿರುವಿಹಾಕುವ ವರ್ತಕನು, ಹಲವು ಲಕ್ಷ ರೂಪಾಯಿ ಬೆಲೆಯ ವಾಹನದ ಒಂದು ಸಣ್ಣ ಭಾಗಕ್ಕೆ ಪುಸ್ತಕದಲ್ಲಿ ಒಂದು ಸಾಲನ್ನೂ ಮೀಸಲಿಡದಿರುವುದು ಯೋಚಿಸಬೇಕಾದ ಸಂಗತಿ.

ಫಿಲ್ಟರ್ ಮಾಡುವ ಕೆಲಸ

ಡೀಸೆಲ್ ಟ್ಯಾಂಕಿನಿಂದ ಎಂಜಿನ್ನಿಗೆ ಸಾಗುವ ಹಾದಿಯಲ್ಲಿ ಫಿಲ್ಟರ್ ಎರಡು ಕೆಲಸಗಳನ್ನು ಮಾಡುತ್ತದೆ. ಮೊದಲನೆಯದು, ಇಂಧನದಲ್ಲಿ ಸೇರಿದ ಧೂಳು, ತುಕ್ಕು ಮತ್ತು ಜಿಗುಟನ್ನು ತಡೆಯುವುದು. ಎರಡನೆಯದು, ನೀರನ್ನು ಬೇರ್ಪಡಿಸುವುದು. ನೀರು ಡೀಸೆಲ್ಲಿಗಿಂತ ಭಾರವಾದುದರಿಂದ ಫಿಲ್ಟರಿನ ತಳದಲ್ಲಿ ಸಂಗ್ರಹವಾಗುತ್ತದೆ; ಅದನ್ನು ಹೊರಬಿಡಲು ಬಹುತೇಕ ವಾಹನಗಳಲ್ಲಿ ಕೆಳಗೆ ತಿರುಪೊಂದನ್ನು ಇಟ್ಟಿರುತ್ತಾರೆ. ಇತ್ತೀಚಿನ ವಾಹನಗಳಲ್ಲಿ ನೀರು ಹೆಚ್ಚಾದರೆ ಮುಂದಿನ ಫಲಕದಲ್ಲಿ ದೀಪವೂ ಹೊತ್ತಿಕೊಳ್ಳುತ್ತದೆ.

"ಹಿಂದಿನ ಗಾಡಿಗಳು ಏನು ಹಾಕಿದರೂ ಓಡುತ್ತಿದ್ದವು" ಎಂಬುದು ಹಿರಿಯ ಮಾಲೀಕರ ವಾದ. ಇದರಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಹಳೆಯ ಪಂಪಿನ ಎಂಜಿನ್ನುಗಳು ಕೊಂಚ ಕೊಳೆಯನ್ನು ಸಹಿಸಿಕೊಳ್ಳುತ್ತಿದ್ದವು. ಆದರೆ ಕಾಮನ್ ರೈಲ್ ಪದ್ಧತಿ ಬಂದ ನಂತರ ಪರಿಸ್ಥಿತಿ ಬದಲಾಗಿದೆ. ಇಲ್ಲಿ ಡೀಸೆಲ್ಲನ್ನು 1,000 ಬಾರ್‌ಗೂ ಮೀರಿದ ಒತ್ತಡದಲ್ಲಿ ಇಂಜೆಕ್ಟರುಗಳ ಮೂಲಕ ಸಿಂಪಡಿಸಲಾಗುತ್ತದೆ. ಮನುಷ್ಯನ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಇಂಜೆಕ್ಟರಿನ ಒಳಭಾಗಗಳ ನಡುವಿನ ಅಂತರ ಕೆಲವೇ ಮೈಕ್ರಾನ್. ಕಣ್ಣಿಗೆ ಕಾಣದ ಕಣವೂ ಅಲ್ಲಿ ಉಜ್ಜುಗಲ್ಲಿನಂತೆ ವರ್ತಿಸುತ್ತದೆ. ದೇಶದಾದ್ಯಂತ 2017ರ ಏಪ್ರಿಲ್ 1ರಿಂದ ಬಿಎಸ್-4 ಮತ್ತು 2020ರ ಏಪ್ರಿಲ್ 1ರಿಂದ ಬಿಎಸ್-6 ಮಾನದಂಡ ಜಾರಿಗೆ ಬಂದಿತು. ಡೀಸೆಲ್ಲಿನಲ್ಲಿ ಗಂಧಕದ ಮಿತಿ ಹತ್ತು ಲಕ್ಷ ಭಾಗಗಳಿಗೆ 50ರಿಂದ 10 ಭಾಗಕ್ಕೆ ಇಳಿಯಿತು. ಗಾಳಿಗೆ ಇದು ಒಳ್ಳೆಯದೇ. ಆದರೆ ಗಂಧಕವನ್ನು ತೆಗೆಯುವ ಸಂಸ್ಕರಣೆಯಲ್ಲಿ ಡೀಸೆಲ್ಲಿನ ಸಹಜ ಜಾರುವ ಗುಣವೂ ಕುಗ್ಗುವುದರಿಂದ ಅದನ್ನು ಮಿಶ್ರಣಗಳಿಂದ ತುಂಬಿಕೊಡಬೇಕಾಗುತ್ತದೆ. ಇಂತಹ ಇಂಧನ ವ್ಯವಸ್ಥೆಯಲ್ಲಿ ನೀರು ಸೇರಿದರೆ ಆಗುವ ಹಾನಿ ಹಿಂದಿನದಕ್ಕಿಂತ ಬಹಳ ದೊಡ್ಡದು.

ಈ ಭಾಗದ ವಿಶೇಷ ತೊಂದರೆಗಳು

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಪ್ರದೇಶ ಸುಣ್ಣದ ಕಲ್ಲಿನ ನೆಲ. ಸಿಮೆಂಟ್ ಕಾರ್ಖಾನೆಗಳು, ಫರ್ಸಿ ಕಲ್ಲಿನ ಗಣಿಗಳು, ಕಲ್ಲು ಕೊಯ್ಯುವ ಮತ್ತು ಪಾಲಿಶ್ ಮಾಡುವ ಘಟಕಗಳು, ದಾಲ್ ಮಿಲ್ಲುಗಳು ಇಲ್ಲಿನ ದುಡಿಮೆಯ ಆಧಾರ. ಇವೆಲ್ಲವುಗಳ ನಡುವೆ ಓಡಾಡುವ ಪಿಕಪ್ ವಾಹನಕ್ಕೆ ಧೂಳು ನಿತ್ಯದ ಸಂಗಾತಿ. ಧೂಳಿನ ಮೊದಲ ಹೊಡೆತ ಬೀಳುವುದು ಏರ್ ಫಿಲ್ಟರಿಗೆ, ನಿಜ. ಆದರೆ ಡೀಸೆಲ್ಲನ್ನು ಬ್ಯಾರಲ್ಲಿನಲ್ಲಿ ತಂದಿಟ್ಟು, ತೆರೆದ ಕೊಳವೆಯಿಂದ ಅಥವಾ ಕ್ಯಾನಿನಿಂದ ಸುರಿಯುವ ಪದ್ಧತಿ ಗಣಿಗಳಲ್ಲಿಯೂ ಮಿಲ್ಲುಗಳಲ್ಲಿಯೂ ಉಳಿದುಕೊಂಡಿದೆ. ಅದೇ ಧೂಳು ಆ ದಾರಿಯಲ್ಲಿ ಟ್ಯಾಂಕಿಗೆ ಇಳಿಯುತ್ತದೆ.

ಮಳೆಗಾಲದ ಕಥೆ ಬೇರೆ. ಕಾಗಿಣಾ ನದಿ ತುಂಬಿ ಮಳಖೇಡದ ಸೇತುವೆಯ ಮೇಲೆ ನೀರು ಹರಿಯುವುದು ಈ ಭಾಗದವರಿಗೆ ಹೊಸ ಸುದ್ದಿಯಲ್ಲ. ಅಂಗಳದಲ್ಲಿ ಇಟ್ಟ ಬ್ಯಾರಲ್ಲಿನ ಮೇಲೆ ನಿಂತ ಮಳೆನೀರು ಸಡಿಲವಾದ ಬಿರಡೆಯ ಸಂದಿನಿಂದ ಒಳಗಿಳಿಯುತ್ತದೆ. ಅರ್ಧ ಖಾಲಿ ಇರುವ ಟ್ಯಾಂಕಿನಲ್ಲಿ ರಾತ್ರಿಯ ತಂಪಿಗೆ ಗಾಳಿಯ ತೇವ ಹನಿಗಟ್ಟುತ್ತದೆ. ಆದ್ದರಿಂದ ಬೆಳಿಗ್ಗೆಗಿಂತ ಸಂಜೆ ಟ್ಯಾಂಕು ತುಂಬಿಸುವುದು ಲೇಸು ಎಂಬ ಹಳೆಯ ಚಾಲಕರ ಮಾತು ಸಕಾರಣವಾದದ್ದು.

ಲೆಕ್ಕ ಹೇಳುವ ಮಾತು

ಅಂದಾಜಿಗಾಗಿ ಒಂದು ಉದಾಹರಣೆಯನ್ನು ಇಟ್ಟುಕೊಳ್ಳಬಹುದು. ಒಂದು ಪಿಕಪ್ ತಿಂಗಳಿಗೆ 2,500 ಕಿಲೋಮೀಟರ್, ಅಂದರೆ ವರ್ಷಕ್ಕೆ 30,000 ಕಿಲೋಮೀಟರ್ ಓಡುತ್ತದೆ ಎಂದು ಭಾವಿಸೋಣ. ಫಿಲ್ಟರ್ ಮತ್ತು ಮಜೂರಿ ಸೇರಿ 1,500 ರೂಪಾಯಿ. 20,000 ಕಿಲೋಮೀಟರಿಗೊಮ್ಮೆ ಬದಲಾವಣೆ. ಆಗ ಕಿಲೋಮೀಟರಿಗೆ ಬೀಳುವ ಖರ್ಚು ಏಳೂವರೆ ಪೈಸೆ. ಲೀಟರಿಗೆ 12 ಕಿಲೋಮೀಟರ್ ಓಡುವ ವಾಹನಕ್ಕೆ 90 ರೂಪಾಯಿ ದರದಲ್ಲಿ ಡೀಸೆಲ್ ಖರ್ಚು ಕಿಲೋಮೀಟರಿಗೆ ಏಳೂವರೆ ರೂಪಾಯಿ. ಅಂದರೆ ಫಿಲ್ಟರಿನ ಖರ್ಚು ಡೀಸೆಲ್ ಖರ್ಚಿನ ನೂರನೇ ಒಂದು ಭಾಗ.

ಇನ್ನೊಂದು ಬದಿಯನ್ನು ನೋಡೋಣ. ಬದಲಾವಣೆಯನ್ನು ಮುಂದೂಡಿದ್ದರಿಂದ ಇಂಜೆಕ್ಟರ್ ಕೆಟ್ಟಿತು. ದುರಸ್ತಿಗೆ 22,000, ಎಳೆದೊಯ್ಯಲು 3,000, ಎರಡು ದಿನ ತಪ್ಪಿದ ಬಾಡಿಗೆ 5,000, ಒಟ್ಟು 30,000 ರೂಪಾಯಿ ಎಂದುಕೊಳ್ಳೋಣ. ಇದು 20 ಫಿಲ್ಟರುಗಳ ಖರ್ಚು. 20 ಫಿಲ್ಟರುಗಳೆಂದರೆ 4,00,000 ಕಿಲೋಮೀಟರ್, ಅಂದರೆ 13 ವರ್ಷಕ್ಕೂ ಮೀರಿದ ಓಡಾಟ. ಒಂದು ಸಲದ ಉದಾಸೀನ 13 ವರ್ಷಗಳ ಉಳಿತಾಯವನ್ನು ನುಂಗಿತು. ಇಲ್ಲಿನ ಅಂಕಿಗಳು ಉದಾಹರಣೆಗೆ ಮಾತ್ರ. ಪ್ರತಿಯೊಬ್ಬ ಮಾಲೀಕನೂ ತನ್ನ ಬಿಲ್ಲುಗಳನ್ನು ಇಟ್ಟುಕೊಂಡು ಇದೇ ಲೆಕ್ಕವನ್ನು ಮಾಡಬಹುದು. ಮೊತ್ತ ಬದಲಾಗಬಹುದು, ತಾತ್ಪರ್ಯ ಬದಲಾಗಲಾರದು.

ತೆರಿಗೆಯ ದೃಷ್ಟಿಯಿಂದಲೂ ಕೆಲವು ಅಂಶಗಳನ್ನು ಗಮನಿಸಬೇಕು. ಬಾಡಿಗೆಗೆ ವಾಹನ ಓಡಿಸುವ, ಹತ್ತಕ್ಕಿಂತ ಹೆಚ್ಚು ಸರಕು ವಾಹನಗಳಿಲ್ಲದ ಮಾಲೀಕರಲ್ಲಿ ಅನೇಕರು 1961ರ ಆದಾಯ ತೆರಿಗೆ ಕಾಯ್ದೆಯ 44ಎಇ ವಿಧಿ ರೂಪಿಸಿದ ಅಂದಾಜು ಲಾಭದ ಪದ್ಧತಿಯನ್ನು ಅನುಸರಿಸುತ್ತ ಬಂದವರು. 2025ರ ಹೊಸ ಕಾಯ್ದೆಯೂ ಈ ಪದ್ಧತಿಯನ್ನು ಉಳಿಸಿಕೊಂಡಿದೆ. ಇದರಲ್ಲಿ ಲಘು ಸರಕು ವಾಹನವೊಂದಕ್ಕೆ ತಿಂಗಳಿಗೆ 7,500 ರೂಪಾಯಿ ಲಾಭವೆಂದು ಹಿಡಿಯಲಾಗುತ್ತದೆ. ದುರಸ್ತಿಯ ಖರ್ಚನ್ನು ಪ್ರತ್ಯೇಕವಾಗಿ ಕಳೆಯಲು ಅವಕಾಶವಿಲ್ಲ. ವಾಹನ ಗ್ಯಾರೇಜಿನಲ್ಲಿ ನಿಂತಿತ್ತು ಎಂಬ ಕಾರಣಕ್ಕೆ ಆ ಮೊತ್ತ ಕಡಿಮೆಯಾಗದು. 30,000 ರೂಪಾಯಿಯ ದುರಸ್ತಿ ಪೂರ್ತಿಯಾಗಿ ಮಾಲೀಕನ ಜೇಬಿನಿಂದಲೇ ಹೋಗುತ್ತದೆ.

ಸ್ವಂತ ಮಾಲನ್ನು ಸಾಗಿಸುವ ವರ್ತಕ ಅಥವಾ ಕಾರ್ಖಾನೆದಾರ ದುರಸ್ತಿಯನ್ನು ವ್ಯವಹಾರದ ಖರ್ಚಾಗಿ ತೋರಿಸಬಹುದು. ಆದರೆ ಒಬ್ಬನಿಗೇ ಒಂದು ದಿನದಲ್ಲಿ 10,000 ರೂಪಾಯಿ ಮೀರಿ ನಗದು ಕೊಟ್ಟರೆ ಆ ಖರ್ಚನ್ನು ತೆರಿಗೆ ಲೆಕ್ಕದಲ್ಲಿ ಒಪ್ಪಲಾಗದು. ರಸ್ತೆಬದಿಯ ತುರ್ತಿನಲ್ಲಿ ಎಣಿಸಿಕೊಡುವ ನಗದಿಗೆ ಈ ನಿಯಮ ನೆನಪಿರುವುದಿಲ್ಲ. ಸಕಾಲದಲ್ಲಿ ಮಾಡಿದ 1,500 ರೂಪಾಯಿಯ ಖರ್ಚಿಗೆ ಇಂತಹ ಅಪಾಯವೇ ಇಲ್ಲ.

ಜಿಎಸ್‌ಟಿಯಲ್ಲಿ ವಾಹನದ ಯಾವ ಖರ್ಚಿಗೂ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಸಿಗದು ಎಂಬ ತಪ್ಪು ತಿಳಿವಳಿಕೆ ಅನೇಕರಲ್ಲಿದೆ. ಡೀಸೆಲ್ ಜಿಎಸ್‌ಟಿಯ ಹೊರಗೆ ಉಳಿದಿರುವುದರಿಂದ ಅದಕ್ಕೆ ಕ್ರೆಡಿಟ್ ಇಲ್ಲ. 17(5)ನೇ ಕಲಮಿನ ನಿರ್ಬಂಧ ಮುಖ್ಯವಾಗಿ ಜನರನ್ನು ಸಾಗಿಸುವ ಚಿಕ್ಕ ವಾಹನಗಳಿಗೆ ಸಂಬಂಧಿಸಿದ್ದು. ಸರಕು ಸಾಗಿಸುವ ವಾಹನದ ಬಿಡಿಭಾಗ ಮತ್ತು ದುರಸ್ತಿಗೆ, ತೆರಿಗೆಗೆ ಒಳಪಟ್ಟ ಮಾಲನ್ನು ಮಾರುವ ನೋಂದಾಯಿತ ವರ್ತಕನು ಸರಿಯಾದ ಬಿಲ್ಲಿದ್ದರೆ ಕ್ರೆಡಿಟ್ ಪಡೆಯಬಹುದು. ಕಾಂಪೋಜಿಷನ್ ಯೋಜನೆಯಲ್ಲಿರುವವರಿಗೆ ಮತ್ತು ತೆರಿಗೆ ವಿನಾಯಿತಿ ಇರುವ ಮಾಲಿನ ಮಟ್ಟಿಗೆ ಈ ಸೌಲಭ್ಯವಿಲ್ಲ. ಬಿಲ್ಲಿಲ್ಲದ ಅಗ್ಗದ ಫಿಲ್ಟರನ್ನು ಕೊಳ್ಳುವವನು ಕ್ರೆಡಿಟ್ಟನ್ನೂ ಕಳೆದುಕೊಳ್ಳುತ್ತಾನೆ, ನಕಲಿ ಮಾಲನ್ನೂ ಮನೆಗೆ ತರುತ್ತಾನೆ. ವಾರಂಟಿಯ ಅವಧಿಯಲ್ಲಿ ತಕರಾರು ಎದ್ದರೆ ಸರ್ವೀಸ್ ದಾಖಲೆ ಮತ್ತು ಬಿಲ್ಲುಗಳೇ ಅವನ ಆಧಾರ.

ಬದಲಿಸುವ ಕ್ರಮ

ಕೆಲಸ ದೊಡ್ಡದಲ್ಲ, ಅನುಭವಿ ಕೈಗೆ ಒಂದು ಗಂಟೆಯೊಳಗಿನದು. ಆದರೂ ಮಾಲೀಕನಿಗೆ ಅದರ ಕ್ರಮ ತಿಳಿದಿರಬೇಕು. ತಿಳಿಯದವನು ಮೇಲ್ವಿಚಾರಣೆ ಮಾಡಲಾರ. ಎಂಜಿನ್ ತಣ್ಣಗಾದ ಮೇಲೆ, ಬೀಡಿ–ಸಿಗರೇಟಿನಿಂದ ದೂರದಲ್ಲಿ, ಫಿಲ್ಟರಿನ ಸುತ್ತಲಿನ ಧೂಳನ್ನು ಮೊದಲು ಒರೆಸಬೇಕು. ಕೆಳಗೆ ಪಾತ್ರೆಯಿಟ್ಟು ತಳದ ತಿರುಪಿನಿಂದ ನೀರನ್ನೂ ಡೀಸೆಲ್ಲನ್ನೂ ಇಳಿಸಬೇಕು. ನೀರಿನ ಸೆನ್ಸರಿನ ವಯರ್ ಇದ್ದರೆ ಅದನ್ನು ಬಿಡಿಸಿ ಹಳೆಯ ಫಿಲ್ಟರ್ ತೆಗೆಯಬೇಕು. ಹೊಸದರ ರಬ್ಬರ್ ರಿಂಗಿಗೆ ಶುದ್ಧ ಡೀಸೆಲ್ ಸವರಿ ಕೂರಿಸಬೇಕು. ಹಳೆಯ ರಿಂಗನ್ನು ಮತ್ತೆ ಬಳಸಬಾರದು. ಕಾಮನ್ ರೈಲ್ ಎಂಜಿನ್ನಿನಲ್ಲಿ ಕ್ಯಾನಿನ ಡೀಸೆಲ್ಲನ್ನು ಹೊಸ ಫಿಲ್ಟರಿನೊಳಗೆ ಸುರಿಯುವುದು ತಪ್ಪು, ಏಕೆಂದರೆ ಸೋಸದ ಇಂಧನ ಶುದ್ಧ ಬದಿಗೆ ಸೇರಿಬಿಡುತ್ತದೆ. ಕೈಪಂಪು ಇದ್ದರೆ ಅದು ಗಟ್ಟಿಯಾಗುವವರೆಗೆ ಒತ್ತಿ, ವಿದ್ಯುತ್ ಪಂಪಿದ್ದರೆ ಕೀಲಿಯನ್ನು ಹಲವು ಬಾರಿ ಆನ್ ಮಾಡಿ, ಒಳಗೆ ಸಿಕ್ಕ ಗಾಳಿಯನ್ನು ಹೊರಹಾಕಬೇಕು. ಗಾಳಿ ಹೋಗದೆ ಸ್ಟಾರ್ಟರನ್ನು ಎಳೆಯುತ್ತಲೇ ಇದ್ದರೆ ಬ್ಯಾಟರಿಯೂ ಸ್ಟಾರ್ಟರೂ ಸೋಲುತ್ತವೆ. ಎಂಜಿನ್ ಹೊತ್ತಿದ ಮೇಲೆ ಸೋರಿಕೆ ಇದೆಯೇ ಎಂದು ನೋಡಬೇಕು.

ಒಂದು ಎಚ್ಚರಿಕೆ ಪ್ರಾಣಕ್ಕೆ ಸಂಬಂಧಿಸಿದ್ದು. ಹಳೆಯ ಗಾಡಿಗಳಲ್ಲಿ ಮಾಡುತ್ತಿದ್ದಂತೆ, ಗಾಳಿ ತೆಗೆಯಲು ಇಂಜೆಕ್ಟರಿನ ಪೈಪನ್ನು ಸಡಿಲಿಸುವ ಅಭ್ಯಾಸವನ್ನು ಕಾಮನ್ ರೈಲ್ ಎಂಜಿನ್ನಿನಲ್ಲಿ ಎಂದಿಗೂ ಮಾಡಬಾರದು. ಅಲ್ಲಿಂದ ಚಿಮ್ಮುವ ಡೀಸೆಲ್ ಚರ್ಮವನ್ನು ಭೇದಿಸಿ ಒಳಹೋಗುತ್ತದೆ. ಇಳಿಸಿದ ಹಳೆಯ ಡೀಸೆಲ್ಲನ್ನು ಗಟಾರಕ್ಕೆ ಸುರಿಯಬಾರದು ಎಂಬುದನ್ನೂ ಇಲ್ಲಿಯೇ ಹೇಳಬೇಕು.

ಎಷ್ಟು ದಿನಕ್ಕೊಮ್ಮೆ ಬದಲಿಸಬೇಕು? ಒಂದೊಂದು ಮಾದರಿಗೆ ಒಂದೊಂದು ಅವಧಿ. ವಾಹನದ ಜೊತೆ ಬಂದ ಕೈಪಿಡಿಯೇ ಪ್ರಮಾಣ. ಧೂಳಿನ ಪ್ರದೇಶದಲ್ಲಿ ಮತ್ತು ಭಾರದ ದುಡಿಮೆಯಲ್ಲಿ ಆ ಅವಧಿಯನ್ನು ಕಡಿಮೆ ಮಾಡಿಕೊಳ್ಳುವುದು ವಿವೇಕ. ಹಾಗೆಂದು ಗ್ಯಾರೇಜಿನವರು ಹೇಳಿದಾಗಲೆಲ್ಲ ಬದಲಿಸುವುದೂ ಮಿತವ್ಯಯವಲ್ಲ. ದಾಖಲೆ ಇದ್ದರೆ ಎರಡೂ ಅತಿರೇಕಗಳು ತಪ್ಪುತ್ತವೆ.

ಚಾಲಕನ ಪ್ರಶ್ನೆ

ಈ ವಿಷಯದಲ್ಲಿ ಬಹುತೇಕ ಮಾಲೀಕರು ಚಾಲಕನನ್ನು ದೂರುತ್ತಾರೆ. ದೀಪ ಹೊತ್ತಿದ್ದನ್ನು ಅವನು ಹೇಳಲಿಲ್ಲ, ಎಳೆತ ಕಡಿಮೆಯಾದದ್ದನ್ನು ಮುಚ್ಚಿಟ್ಟ ಎಂಬುದು ಆರೋಪ. ಅವನು ಏಕೆ ಹೇಳಲಿಲ್ಲ ಎಂದು ಕೇಳುವವರು ಕಡಿಮೆ. ಅನೇಕ ಕಡೆ ಚಾಲಕನಿಗೆ ಭತ್ಯೆ ಸಿಗುವುದು ಗಾಡಿ ಓಡಿದ ದಿನಕ್ಕೆ, ಖೇಪಿನ ಲೆಕ್ಕದಲ್ಲಿ. ಗಾಡಿ ಗ್ಯಾರೇಜಿಗೆ ಹೋದರೆ ಅವನ ಅಂದಿನ ದುಡಿಮೆ ಹೋಯಿತು. ದೋಷವನ್ನು ತಿಳಿಸಿದವನಿಗೆ ನಷ್ಟ, ಮುಚ್ಚಿಟ್ಟವನಿಗೆ ಲಾಭ ಎಂಬ ವ್ಯವಸ್ಥೆಯನ್ನು ಮಾಲೀಕನೇ ಕಟ್ಟಿ, ಬಳಿಕ ಚಾಲಕನಿಂದ ಪ್ರಾಮಾಣಿಕತೆಯನ್ನು ನಿರೀಕ್ಷಿಸುವುದು ನ್ಯಾಯವಲ್ಲ. ಇನ್ನು ಗಾಡಿ ಕೆಟ್ಟಾಗ ದುರಸ್ತಿಯ ಹಣವನ್ನು ಅವನ ಸಂಬಳದಲ್ಲಿ ಮುರಿದುಕೊಳ್ಳುವುದು ಅನ್ಯಾಯವಷ್ಟೇ ಅಲ್ಲ, ಮೂರ್ಖತನವೂ ಹೌದು. ಮುಂದಿನ ಸಲ ಅವನು ಇನ್ನಷ್ಟು ಮುಚ್ಚಿಡುತ್ತಾನೆ. ಸರ್ವೀಸಿನ ದಿನಕ್ಕೂ ಭತ್ಯೆ ಕೊಡುವುದು, ದೋಷವನ್ನು ಮೊದಲೇ ತಿಳಿಸಿದವನನ್ನು ಮೆಚ್ಚುವುದು, ಇವೆರಡೇ ಸಾಕು, ಅರ್ಧ ಸಮಸ್ಯೆ ಪರಿಹಾರವಾಗುತ್ತದೆ.

ಮಾಡಬೇಕಾದದ್ದು

ಪ್ರತಿ ವಾಹನಕ್ಕೂ ನಲವತ್ತು ಪುಟದ ಒಂದು ನೋಟುಪುಸ್ತಕ ಇರಲಿ. ದಿನಾಂಕ, ಕಿಲೋಮೀಟರ್, ಬದಲಿಸಿದ ಭಾಗ, ಬಿಲ್ಲಿನ ಸಂಖ್ಯೆ, ಮುಂದಿನ ಬದಲಾವಣೆಯ ಕಿಲೋಮೀಟರ್ ಎಂಬ ಐದು ಕಲಮುಗಳು ಸಾಕು. ಕಿಲೋಮೀಟರಿಗೆ ಇಷ್ಟು ಪೈಸೆಯೆಂದು ತಿಂಗಳಿಗೊಮ್ಮೆ ದುರಸ್ತಿಗಾಗಿ ಹಣ ತೆಗೆದಿಟ್ಟರೆ ಸರ್ವೀಸಿನ ದಿನ ಕೈ ಹಿಡಿಯುವ ಪ್ರಸಂಗ ಬಾರದು. ತೊಗರಿಯ ಸುಗ್ಗಿಗೆ ಮುನ್ನ ಒಮ್ಮೆ ಮತ್ತು ಮಳೆಗಾಲ ಮುಗಿದ ಕೂಡಲೇ ಒಮ್ಮೆ ಫಿಲ್ಟರಿನ ನೀರನ್ನು ಇಳಿಸಿ ನೋಡುವುದನ್ನು ಆಯುಧಪೂಜೆಯಷ್ಟೇ ನಿಷ್ಠೆಯಿಂದ ಪಾಲಿಸಬೇಕು. ವರ್ಷಕ್ಕೊಮ್ಮೆ ವಾಹನಕ್ಕೆ ಹೂವು, ನಿಂಬೆಹಣ್ಣು ಕಟ್ಟುವವರು ಅದರ ಹೊಟ್ಟೆಗೆ ಹೋಗುವ ಎಣ್ಣೆಯ ಶುದ್ಧಿಯನ್ನು ಮರೆತರೆ ಪೂಜೆ ಪೂರ್ಣವಾದಂತಲ್ಲ.

ವಾಣಿಜ್ಯ ಸಂಸ್ಥೆಗಳಿಗೂ ಇಲ್ಲಿ ಕೆಲಸವಿದೆ. ಸದಸ್ಯರು ಒಟ್ಟಾಗಿ ಅಧಿಕೃತ ವಿತರಕರಿಂದ ಫಿಲ್ಟರುಗಳನ್ನು ಬಿಲ್ಲಿನ ಸಹಿತ ಖರೀದಿಸಿದರೆ ದರವೂ ಇಳಿಯುತ್ತದೆ, ನಕಲಿಯ ಭಯವೂ ತಪ್ಪುತ್ತದೆ. ತಾಲ್ಲೂಕು ಮಟ್ಟದಲ್ಲಿ ಮೆಕ್ಯಾನಿಕ್ಕುಗಳಿಗೆ ಹೊಸ ಎಂಜಿನ್ನುಗಳ ಕುರಿತು ಒಂದು ದಿನದ ತರಬೇತಿಯನ್ನು ಏರ್ಪಡಿಸಿದರೆ ಅದರ ಲಾಭ ಎಲ್ಲ ವರ್ತಕರಿಗೂ ದೊರೆಯುತ್ತದೆ.

ನಿಂತ ಯಂತ್ರದ ಬೆಲೆ ಏನೆಂಬುದನ್ನು ಕುರಕುಂಟಾದ ಜನರಿಗೆ ಯಾರೂ ಕಲಿಸಬೇಕಾಗಿಲ್ಲ. ಅಲ್ಲಿನ ಸರ್ಕಾರಿ ಸ್ವಾಮ್ಯದ ಸಿಮೆಂಟ್ ಕಾರ್ಖಾನೆ 1990ರ ದಶಕದ ಕೊನೆಯಲ್ಲಿ ನಿಂತಿತು. ಅದಕ್ಕೆ ಕಾರಣಗಳು ಬೇರೆ, ಪ್ರಮಾಣವೂ ಬೇರೆ. ಆದರೆ ಯಂತ್ರ ನಿಂತಾಗ ಅದರ ಸುತ್ತಲಿನ ಅಂಗಡಿ, ಗಾಡಿ, ಕೂಲಿ ಎಲ್ಲವೂ ಹೇಗೆ ಮಂಕಾಗುತ್ತವೆ ಎಂಬುದನ್ನು ಆ ಊರು ಕಂಡಿದೆ. ಕಾರ್ಖಾನೆಯನ್ನು ನಡೆಸುವುದು ಸಣ್ಣ ವರ್ತಕನ ಕೈಯಲ್ಲಿ ಇರಲಿಲ್ಲ. ತನ್ನ ಅಂಗಳದಲ್ಲಿ ನಿಂತಿರುವ ಪಿಕಪ್ಪನ್ನು ನಡೆಸುವುದು ಅವನ ಕೈಯಲ್ಲಿದೆ. ಅದಕ್ಕೆ ಬೇಕಾದದ್ದು ಕಿಲೋಮೀಟರಿಗೆ ಕೆಲವು ಪೈಸೆ, ಪುಸ್ತಕದಲ್ಲಿ ಒಂದು ಸಾಲು.