ವಿದೇಶದಲ್ಲಿ ನೆಲೆಸಿರುವ ದಂಪತಿಗಳ ವೀಸಾ ವಿಸ್ತರಣೆ ಮತ್ತು ವಲಸೆ ವರದಿ: ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳ ನಾಗರಿಕರ ಅವಗಾಹನೆಗೆ

ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ತಾಲ್ಲೂಕುಗಳಾದ ಶಿರಸಿ, ಸಿದ್ದಾಪುರ ಹಾಗೂ ಯಲ್ಲಾಪುರಗಳ ಅಡಿಕೆ ಬೆಳೆಗಾರ ಕುಟುಂಬಗಳ ಯುವಜನರು ಉನ್ನತ ವ್ಯಾಸಂಗ ಮುಗಿಸಿ ಬೆಂಗಳೂರಿಗೂ, ಅಲ್ಲಿಂದ ಅಮೆರಿಕ, ಬ್ರಿಟನ್, ಜರ್ಮನಿ ಮತ್ತು ಕೊಲ್ಲಿ ರಾಷ್ಟ್ರಗಳಿಗೂ ಉದ್ಯೋಗ ನಿಮಿತ್ತ ತೆರಳುವುದು ಹಲವು ವರ್ಷಗಳಿಂದ ನಡೆದುಬಂದಿದೆ. ವಿವಾಹಾನಂತರ ಪತ್ನಿ ಅಥವಾ ಪತಿ ಅವಲಂಬಿತ ವೀಸಾದಡಿ ಜೊತೆಗೂಡುವುದು ವಾಡಿಕೆ. ಇಂತಹ ಕುಟುಂಬಗಳಲ್ಲಿ ವೀಸಾ ವಿಸ್ತರಣೆಯ ಹೊಣೆಯನ್ನು ಉದ್ಯೋಗದಲ್ಲಿರುವವರ ಕಂಪನಿಯೇ ನೋಡಿಕೊಳ್ಳುತ್ತದೆ ಎಂಬ ನಂಬಿಕೆ ಬೇರೂರಿದೆ. ಸದರಿ ನಂಬಿಕೆಯು ಅರ್ಧ ಮಾತ್ರ ಸತ್ಯವಾಗಿರುತ್ತದೆ. ವಲಸೆ ಕಾನೂನಿನ ದೃಷ್ಟಿಯಲ್ಲಿ ದಂಪತಿ ಎಂದರೆ ಎರಡು ಪ್ರತ್ಯೇಕ ಕಡತಗಳು. ಅವಲಂಬಿತರ ಹಕ್ಕು ಸಂಗಾತಿಯ ಹಕ್ಕಿನ ಮೇಲೆ ನಿಂತಿದ್ದರೂ, ಅವರ ವಾಸ್ತವ್ಯದ ಕೊನೆಯ ದಿನಾಂಕ ಅವರದೇ ಆಗಿರುತ್ತದೆ. 2025ರಲ್ಲಿ ಅಮೆರಿಕದಲ್ಲಿ ನಡೆದ ಸರಣಿ ಬದಲಾವಣೆಗಳಿಂದ ಈ ವ್ಯತ್ಯಾಸಕ್ಕೆ ಹಿಂದೆಂದೂ ಇರದಷ್ಟು ಮಹತ್ವ ಬಂದಿದೆ.

ಎರಡು ದಿನಾಂಕಗಳು ಬೇರ್ಪಡುವ ಬಗೆ

ಪಾಸ್‌ಪೋರ್ಟಿನಲ್ಲಿ ಅಂಟಿಸಿರುವ ವೀಸಾ ಚೀಟಿಯು ಆ ದೇಶದ ಬಾಗಿಲಿಗೆ ಹೋಗಿ ಪ್ರವೇಶ ಕೋರಲು ನೀಡಿದ ಅನುಮತಿ ಮಾತ್ರ. ಎಷ್ಟು ದಿನ ಇರಬಹುದೆಂಬುದನ್ನು ಅಮೆರಿಕದಲ್ಲಿ ನಿರ್ಧರಿಸುವುದು ಐ-94 ಎಂಬ ಪ್ರವೇಶ ದಾಖಲೆ. ಹಿಂದೆ ಪಾಸ್‌ಪೋರ್ಟಿಗೆ ಲಗತ್ತಿಸುತ್ತಿದ್ದ ಬಿಳಿ ಕಾಗದವು 2013ರಿಂದ ವಿಮಾನ ಮಾರ್ಗದ ಪ್ರಯಾಣಿಕರಿಗೆ ಗಣಕೀಕೃತ ದಾಖಲೆಯಾಗಿದೆ. ಕಾಗದ ಕೈಯಲ್ಲಿಲ್ಲದ ಕಾರಣ ಅನೇಕರು ಅದನ್ನು ತೆರೆದು ನೋಡುವುದೇ ಇಲ್ಲ. ನಿಜವಾದ ಅಪಾಯ ಇರುವುದು ಇಲ್ಲಿಯೇ.

ಉದಾಹರಣೆಗೆ ಒಂದು ಪ್ರಕರಣವನ್ನು ಊಹಿಸಿಕೊಳ್ಳಬಹುದು. ಪತಿಯ ಎಚ್-1ಬಿ ಅನುಮೋದನೆ 2028ರ ಸೆಪ್ಟೆಂಬರ್‌ವರೆಗೆ ಇದೆ. ಅವರ ಪಾಸ್‌ಪೋರ್ಟ್ 2031ರವರೆಗೆ ಚಾಲ್ತಿಯಲ್ಲಿರುತ್ತದೆ. ಪತ್ನಿಯ ಪಾಸ್‌ಪೋರ್ಟ್ ಮದುವೆಗೆ ಮೊದಲು, ಕಾಲೇಜಿನಲ್ಲಿದ್ದಾಗ, 2016ರ ನವೆಂಬರ್‌ನಲ್ಲಿ ಪಡೆದದ್ದು. ಹತ್ತು ವರ್ಷದ ಅವಧಿ 2026ರ ನವೆಂಬರ್‌ಗೆ ಮುಗಿಯುತ್ತದೆ. ಇಬ್ಬರೂ 2026ರ ಮಾರಿಕಾಂಬಾ ಜಾತ್ರೆಗೆ ಶಿರಸಿಗೆ ಬಂದು, ಮುಗಿಸಿಕೊಂಡು ಒಟ್ಟಿಗೆ ಮರಳುತ್ತಾರೆ. ವಿಮಾನ ನಿಲ್ದಾಣದ ಅಧಿಕಾರಿ ಪತಿಗೆ 2028ರವರೆಗೆ ವಾಸ್ತವ್ಯ ನೀಡುತ್ತಾರೆ. ಪತ್ನಿಗೆ ಪಾಸ್‌ಪೋರ್ಟ್ ಮುಗಿಯುವ ದಿನದವರೆಗೆ, ಅಂದರೆ 2026ರ ನವೆಂಬರ್‌ವರೆಗೆ ಮಾತ್ರ ನೀಡುತ್ತಾರೆ. ಆ ಬಳಿಕ ಪತ್ನಿ ರಾಯಭಾರ ಕಚೇರಿಯ ಮೂಲಕ ಹೊಸ ಪಾಸ್‌ಪೋರ್ಟ್ ಪಡೆದರೂ ಐ-94 ದಿನಾಂಕ ತಾನಾಗಿ ಮುಂದಕ್ಕೆ ಹೋಗುವುದಿಲ್ಲ. ಕಂಪನಿಯ ವಕೀಲರು ಪತಿಯ ವಿಸ್ತರಣೆಗಾಗಿ ಕಡತ ತೆರೆಯುವುದು 2028ರಲ್ಲಿ. ಅಷ್ಟರಲ್ಲಿ ಪತ್ನಿ ಒಂದು ವರ್ಷಕ್ಕೂ ಹೆಚ್ಚು ಕಾಲ ಅನುಮತಿಯಿಲ್ಲದೆ ಅಲ್ಲಿ ವಾಸವಾಗಿರುತ್ತಾರೆ.

ಇದರ ಪರಿಣಾಮ ಗಂಭೀರವಾದುದು. ಅಮೆರಿಕದ 1996ರ ಕಾನೂನಿನಂತೆ 180 ದಿನಗಳಿಗಿಂತ ಹೆಚ್ಚು ಅನಧಿಕೃತವಾಗಿ ವಾಸವಿದ್ದು ದೇಶ ಬಿಟ್ಟವರಿಗೆ ಮೂರು ವರ್ಷ, ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚಾದಲ್ಲಿ ಹತ್ತು ವರ್ಷ ಮರುಪ್ರವೇಶಕ್ಕೆ ತಡೆ ಇರುತ್ತದೆ. ಅವಧಿ ಮೀರಿದ ಮಾತ್ರಕ್ಕೆ ವೀಸಾ ಚೀಟಿಯೂ ಊರ್ಜಿತವಲ್ಲದಾಗುತ್ತದೆ. ತಡವಾಗಿ ಸಲ್ಲಿಸಿದ ಅರ್ಜಿಯನ್ನು ಮನ್ನಿಸುವುದು ಅಧಿಕಾರಿಯ ವಿವೇಚನೆಗೆ ಬಿಟ್ಟ ವಿಷಯವೇ ಹೊರತು ಅರ್ಜಿದಾರರ ಹಕ್ಕಲ್ಲ. ಅವಧಿ ಮುಗಿಯುವ ಮೊದಲೇ ಅರ್ಜಿ ಸಲ್ಲಿಸಿದ್ದಲ್ಲಿ, ತೀರ್ಮಾನ ಬರುವವರೆಗಿನ ದಿನಗಳನ್ನು ಸಾಮಾನ್ಯವಾಗಿ ಅನಧಿಕೃತ ವಾಸವೆಂದು ಪರಿಗಣಿಸುವುದಿಲ್ಲ. ಆದುದರಿಂದ ಪ್ರತಿ ಪ್ರಯಾಣದ ನಂತರ ಪತಿ, ಪತ್ನಿ, ಮಕ್ಕಳು, ಪ್ರತಿಯೊಬ್ಬರ ದಾಖಲೆಯನ್ನೂ ಪ್ರತ್ಯೇಕವಾಗಿ ತೆರೆದು ನೋಡತಕ್ಕದ್ದು. ಸಂಗಾತಿಗಳಲ್ಲಿ ಒಬ್ಬರ ಪಾಸ್‌ಪೋರ್ಟ್ ಬೇಗ ಮುಗಿಯುವಂತಿದ್ದರೆ, ಊರಿಗೆ ಬರುವ ಮೊದಲೇ ನವೀಕರಿಸಿಕೊಳ್ಳುವುದು ಲೇಸು.

ವಿಸ್ತರಣೆಯ ಎರಡು ಅರ್ಜಿಗಳು

ಎಚ್-1ಬಿ ವಿಸ್ತರಣೆಗೆ ಉದ್ಯೋಗದಾತರು ಐ-129 ನಮೂನೆ ಸಲ್ಲಿಸುತ್ತಾರೆ. ಎಚ್-4 ವಿಸ್ತರಣೆಗೆ ಅವಲಂಬಿತರು ತಮ್ಮ ಹೆಸರಿನಲ್ಲಿ ಐ-539 ನಮೂನೆ ಸಲ್ಲಿಸಬೇಕು. ಮೊದಲನೆಯದಕ್ಕೆ ಹೆಚ್ಚುವರಿ ಶುಲ್ಕ ಪಾವತಿಸಿದರೆ 15 ಕೆಲಸದ ದಿನಗಳೊಳಗೆ ಕ್ರಮ ಕೈಗೊಳ್ಳುವ ಸೌಲಭ್ಯವಿದೆ. ಎಚ್-4 ಅರ್ಜಿಗೆ ಆ ಸೌಲಭ್ಯವಿಲ್ಲ. 2023ರ ಜನವರಿಯಲ್ಲಿ ನ್ಯಾಯಾಲಯದಲ್ಲಿ ಆದ ಒಪ್ಪಂದದ ಮೇರೆಗೆ ಒಟ್ಟಿಗೆ ಸಲ್ಲಿಸಿದ ಅರ್ಜಿಗಳನ್ನು ಒಟ್ಟಿಗೇ ತೀರ್ಮಾನಿಸಲಾಗುತ್ತಿತ್ತು. ಸದರಿ ಒಪ್ಪಂದದ ಅವಧಿ 2025ರ ಜನವರಿ 18ಕ್ಕೆ ಮುಗಿಯಿತು. ಅಂದಿನಿಂದ ಪತಿಯ ಅನುಮೋದನೆ ಬಂದು ತಿಂಗಳುಗಳಾದರೂ ಪತ್ನಿಯ ಅರ್ಜಿ ಬಾಕಿ ಉಳಿಯುವ ಸಾಧ್ಯತೆ ಮತ್ತೆ ತೆರೆದುಕೊಂಡಿತು.

ಉದ್ಯೋಗಸ್ಥ ಅವಲಂಬಿತರಿಗೆ ಇನ್ನೊಂದು ಪೆಟ್ಟು ಬಿದ್ದಿದೆ. ಹಸಿರು ಕಾರ್ಡಿನ ಪ್ರಕ್ರಿಯೆಯಲ್ಲಿ ನಿರ್ದಿಷ್ಟ ಹಂತ ತಲುಪಿದವರ ಎಚ್-4 ಸಂಗಾತಿಗಳಿಗೆ 2015ರ ಮೇ 26ರಿಂದ ಕೆಲಸದ ಅನುಮತಿ ದೊರೆಯುತ್ತಿದೆ. ನವೀಕರಣದ ಅರ್ಜಿ ಬಾಕಿಯಿದ್ದಾಗ ಗರಿಷ್ಠ 540 ದಿನಗಳವರೆಗೆ ಹಳೆಯ ಅನುಮತಿಯಲ್ಲಿಯೇ ಮುಂದುವರಿಯುವ ಅವಕಾಶವನ್ನು, 2025ರ ಅಕ್ಟೋಬರ್ 30ರಂದು ಮತ್ತು ನಂತರ ಸಲ್ಲಿಸಿದ ಅರ್ಜಿಗಳಿಗೆ ರದ್ದುಪಡಿಸಲಾಯಿತು. ಇದೇ ಸ್ಥಿತಿಯಲ್ಲಿ ಎಚ್-1ಬಿ ಉದ್ಯೋಗಿಗೆ 240 ದಿನಗಳವರೆಗೆ ಕೆಲಸ ಮುಂದುವರಿಸಲು ಅವಕಾಶವಿದ್ದರೆ, ಅವಲಂಬಿತ ಸಂಗಾತಿ ಕಾರ್ಡಿನ ಅವಧಿ ಮುಗಿದ ಮರುದಿನವೇ ಕೆಲಸ ನಿಲ್ಲಿಸಬೇಕಾಗುತ್ತದೆ. ಎಚ್-4 ಪಡೆದವರಲ್ಲಿ ಬಹುಪಾಲು ಮಹಿಳೆಯರೇ ಆಗಿರುವುದರಿಂದ ಈ ಹೊರೆ ಯಾರ ಮೇಲೆ ಬೀಳುತ್ತದೆಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಊರಿಗೆ ಬಂದು ವೀಸಾ ಮೊಹರು ಹಾಕಿಸಿಕೊಳ್ಳುವವರ ಸ್ಥಿತಿ

2024ರ ಜನವರಿಯಿಂದ ಏಪ್ರಿಲ್‌ವರೆಗೆ ಅಮೆರಿಕದೊಳಗಿದ್ದೇ ವೀಸಾ ಚೀಟಿ ನವೀಕರಿಸುವ ಪ್ರಾಯೋಗಿಕ ಯೋಜನೆ ನಡೆದಿತ್ತು. ಅದರಲ್ಲಿ 20,000 ಎಚ್-1ಬಿ ಉದ್ಯೋಗಿಗಳಿಗೆ ಅವಕಾಶವಿತ್ತು. ಎಚ್-4 ಸಂಗಾತಿಗಳಿಗೆ ಇರಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಸಂದರ್ಶನ ವಿನಾಯಿತಿಯನ್ನು ಬಹುತೇಕ ವರ್ಗಗಳಿಗೆ ಹಿಂತೆಗೆದುಕೊಳ್ಳಲಾಯಿತು. ಅರ್ಜಿದಾರರು ತಮ್ಮ ಪೌರತ್ವದ ಅಥವಾ ವಾಸದ ದೇಶದಲ್ಲಿಯೇ ಸಂದರ್ಶನಕ್ಕೆ ಹಾಜರಾಗಬೇಕೆಂದು ಅದೇ ತಿಂಗಳು ಸೂಚಿಸಲಾಯಿತು. ಕೆನಡಾ, ಮೆಕ್ಸಿಕೋಗಳಿಗೆ ಹೋಗಿ ಮೊಹರು ಹಾಕಿಸಿಕೊಳ್ಳುತ್ತಿದ್ದ ಭಾರತೀಯರ ದಾರಿ ಇದರಿಂದ ಮುಚ್ಚಿತು. 2025ರ ಡಿಸೆಂಬರ್ 15ರಿಂದ ಎಚ್-1ಬಿ ಹಾಗೂ ಎಚ್-4 ಅರ್ಜಿದಾರರ ಸಾಮಾಜಿಕ ಜಾಲತಾಣ ಖಾತೆಗಳ ಪರಿಶೀಲನೆ ಆರಂಭವಾದಾಗ, ಭಾರತದಲ್ಲಿ ಡಿಸೆಂಬರ್‌ಗೆ ನಿಗದಿಯಾಗಿದ್ದ ಅನೇಕ ಸಂದರ್ಶನಗಳನ್ನು 2026ರ ಮಾರ್ಚ್‌ಗೆ ಮತ್ತು ಅದರ ಆಚೆಗೆ ಮುಂದೂಡಲಾಯಿತು. ಎರಡು ವಾರದ ರಜೆಯಲ್ಲಿ ಬಂದವರು ತಿಂಗಳುಗಟ್ಟಲೆ ಇಲ್ಲಿಯೇ ಉಳಿಯುವಂತಾಯಿತು. ಬೆಂಗಳೂರಿನ ಅಮೆರಿಕ ದೂತಾವಾಸ 2025ರ ಜನವರಿಯಲ್ಲಿ ಉದ್ಘಾಟನೆಗೊಂಡರೂ ಅಂದು ವೀಸಾ ಸೇವೆ ಆರಂಭವಾಗಿರಲಿಲ್ಲ ಎಂಬುದನ್ನೂ ಇಲ್ಲಿ ಸ್ಮರಿಸಬಹುದು.

2025ರ ಸೆಪ್ಟೆಂಬರ್ 21ರಿಂದ ಜಾರಿಗೆ ಬಂದ 1,00,000 ಡಾಲರ್ ಪಾವತಿಯ ಘೋಷಣೆ ಆ ವಾರ ದೊಡ್ಡ ಗಾಬರಿ ಉಂಟುಮಾಡಿತ್ತು. ದೇಶದೊಳಗಿದ್ದು ವಿಸ್ತರಣೆ ಪಡೆಯುವವರಿಗೆ ಅದು ಅನ್ವಯಿಸುವುದಿಲ್ಲವೆಂದು ಅಕ್ಟೋಬರ್ 20ರಂದು ಸ್ಪಷ್ಟಪಡಿಸಲಾಯಿತು. ಸುದ್ದಿಯಾದ ಈ ಮೊತ್ತಕ್ಕಿಂತ, ಸುದ್ದಿಯಾಗದ ಐ-94 ದಿನಾಂಕವೇ ಈಗಾಗಲೇ ಅಲ್ಲಿರುವ ದಂಪತಿಗಳಿಗೆ ಹೆಚ್ಚು ಮುಖ್ಯವಾದುದು.

ವರದಿ ಸಲ್ಲಿಸುವ ಕರ್ತವ್ಯ

ಅಮೆರಿಕದಲ್ಲಿ ಮನೆ ಬದಲಿಸಿದ 10 ದಿನಗಳೊಳಗೆ ಎಆರ್-11 ನಮೂನೆಯ ಮೂಲಕ ಹೊಸ ವಿಳಾಸ ತಿಳಿಸತಕ್ಕದ್ದು. ಇದಕ್ಕೆ ಶುಲ್ಕವಿಲ್ಲ. ಕುಟುಂಬದ ಪ್ರತಿ ಸದಸ್ಯರ ವಿಳಾಸವೂ ವರದಿಯಾಗಬೇಕು. ಪತಿ ಕಂಪನಿಗೆ ತಿಳಿಸಿದರೆ ಪತ್ನಿಯದೂ ತಿಳಿಸಿದಂತಾಗುವುದಿಲ್ಲ. 2025ರ ಏಪ್ರಿಲ್ 11ರಿಂದ ವಿದೇಶಿಯರ ನೋಂದಣಿ ನಿಯಮವನ್ನು ಬಿಗಿಗೊಳಿಸಲಾಗಿದೆ. ಐ-94 ಪಡೆದವರನ್ನು ನೋಂದಾಯಿತರೆಂದೇ ಪರಿಗಣಿಸಲಾಗುತ್ತದೆ. ಆದರೆ 18 ವರ್ಷ ಮೀರಿದವರು ಅದರ ಪುರಾವೆಯನ್ನು ಸದಾ ಜೊತೆಯಲ್ಲಿ ಇರಿಸಿಕೊಳ್ಳಬೇಕು. ಅಲ್ಲಿ ಬೆಳೆಯುತ್ತಿರುವ ಮಕ್ಕಳಿಗೆ 14 ವರ್ಷ ತುಂಬಿದ 30 ದಿನಗಳೊಳಗೆ ಮರುನೋಂದಣಿ ಮಾಡಿಸಿ ಬೆರಳಚ್ಚು ನೀಡಬೇಕು. ಮಗುವಿನ ಹುಟ್ಟುಹಬ್ಬ ಮರೆಯುವ ತಂದೆ ತಾಯಿಯಿಲ್ಲ. ಈ 30 ದಿನಗಳನ್ನು ಮರೆಯುವವರು ಇರಬಹುದು.

ಬ್ರಿಟನ್‌ನಲ್ಲಿ ಪೊಲೀಸ್ ನೋಂದಣಿ ಪದ್ಧತಿ 2022ರ ಆಗಸ್ಟ್‌ನಲ್ಲಿ ಕೊನೆಗೊಂಡಿದ್ದು, ವಾಸ್ತವ್ಯದ ಕಾರ್ಡಿನ ಬದಲಿಗೆ ಇ-ವೀಸಾ ಬಂದಿದೆ. ಅಲ್ಲಿಯೂ ಪತಿ ಪತ್ನಿಯರ ಇ-ವೀಸಾ ಬೇರೆ ಬೇರೆ. ಪಾಸ್‌ಪೋರ್ಟ್ ಬದಲಾದಾಗ ತಮ್ಮ ಖಾತೆಯಲ್ಲಿ ತಿದ್ದಿಕೊಳ್ಳುವುದು ಅವರವರ ಹೊಣೆ. ಜರ್ಮನಿಯಲ್ಲಿ ಮನೆ ಬದಲಿಸಿದ ಎರಡು ವಾರಗಳೊಳಗೆ ಪೌರ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕಾಗುತ್ತದೆ.

ಕೊಲ್ಲಿ ರಾಷ್ಟ್ರಗಳ ಸಮಸ್ಯೆ ಬೇರೆ ಬಗೆಯದು. ಸಂಯುಕ್ತ ಅರಬ್ ಅಮೀರಾತ್‌ನಲ್ಲಿ ಸಾಮಾನ್ಯ ವಾಸ್ತವ್ಯ ಪರವಾನಗಿ ಇರುವವರು ನಿರಂತರವಾಗಿ ಆರು ತಿಂಗಳಿಗಿಂತ ಹೆಚ್ಚು ದೇಶದ ಹೊರಗಿದ್ದರೆ ಪರವಾನಗಿ ಬಿದ್ದುಹೋಗುತ್ತದೆ. ಹೆರಿಗೆಗೆಂದು ಏಳನೇ ತಿಂಗಳಿನಲ್ಲಿ ತವರಿಗೆ ಬಂದು, ಬಾಣಂತನ ಮುಗಿಸಿ, ಮಗುವಿಗೆ ನಾಮಕರಣ ಮಾಡಿಸಿ, ಪಾಸ್‌ಪೋರ್ಟ್ ಮಾಡಿಸಿಕೊಂಡು ಹೊರಡುವಷ್ಟರಲ್ಲಿ ಆರು ತಿಂಗಳು ದಾಟುವುದು ಸುಲಭ. ಸಕಾರಣ ತೋರಿಸಿ ಮರುಪ್ರವೇಶದ ಅನುಮತಿ ಕೋರಲು ಅವಕಾಶವಿದ್ದರೂ, ಹೊರಡುವ ದಿನದಿಂದಲೇ ಲೆಕ್ಕ ಇಟ್ಟುಕೊಂಡು ಮಗುವಿನ ಜನನ ಪ್ರಮಾಣ ಪತ್ರ ಮತ್ತು ಪಾಸ್‌ಪೋರ್ಟಿಗೆ ತಡಮಾಡದೆ ಅರ್ಜಿ ಸಲ್ಲಿಸುವುದು ಸೂಕ್ತ. 2023ರ ಅಕ್ಟೋಬರ್ 1 ಅಥವಾ ಆ ನಂತರ ಜನಿಸಿದವರ ಪಾಸ್‌ಪೋರ್ಟಿಗೆ ಜನ್ಮ ದಿನಾಂಕದ ಪುರಾವೆಯಾಗಿ ಜನನ ಪ್ರಮಾಣ ಪತ್ರವನ್ನು ಮಾತ್ರ ಸ್ವೀಕರಿಸಲಾಗುತ್ತದೆ.

ಊರಿನ ಕಚೇರಿಗಳಿಂದ ಪಡೆಯಬೇಕಾದ ದಾಖಲೆಗಳು

ಅವಲಂಬಿತರ ಅರ್ಜಿಗೆ ಅಡಿಪಾಯವೆಂದರೆ ವಿವಾಹ ನೋಂದಣಿ ಪ್ರಮಾಣ ಪತ್ರ. 2016ರ ಡಿಸೆಂಬರ್‌ನಲ್ಲಿ ಭಾರತದ ಪಾಸ್‌ಪೋರ್ಟ್ ಅರ್ಜಿಗೆ ಇದರ ಅಗತ್ಯವನ್ನು ಕೈಬಿಡಲಾಯಿತು. ವಿದೇಶಿ ವಲಸೆ ಕಚೇರಿಗಳು ಕೈಬಿಟ್ಟಿಲ್ಲ. ಮನೆಯಂಗಳದ ಚಪ್ಪರದಲ್ಲಾಗಲಿ, ದೇವಸ್ಥಾನದಲ್ಲಾಗಲಿ ನೆರವೇರಿದ ವಿವಾಹಕ್ಕೆ ಆಮಂತ್ರಣ ಪತ್ರಿಕೆ ಮತ್ತು ಭಾವಚಿತ್ರಗಳು ಪೂರಕ ಪುರಾವೆಗಳೇ ಹೊರತು ಪ್ರಮಾಣ ಪತ್ರಕ್ಕೆ ಬದಲಿಯಲ್ಲ. ಹಿಂದೂ ವಿವಾಹ ನೋಂದಣಿಗೆ ಉಪನೋಂದಣಾಧಿಕಾರಿಗಳ ಕಚೇರಿಯನ್ನು ಸಂಪರ್ಕಿಸಬಹುದು. 2024ರ ಫೆಬ್ರವರಿಯಿಂದ ಕಾವೇರಿ 2.0 ತಂತ್ರಾಂಶದ ಮೂಲಕ ಆನ್‌ಲೈನ್ ಸೌಲಭ್ಯವೂ ಇರುತ್ತದೆ. ಮದುವೆಯಾದ ವಾರದಲ್ಲಿಯೇ ವಿಮಾನ ಏರುವವರು ನೋಂದಣಿಯನ್ನು ಮುಂದಿನ ರಜೆಗೆ ಮುಂದೂಡಬಾರದು.

ಪ್ರಮಾಣ ಪತ್ರ ಕನ್ನಡದಲ್ಲಿದ್ದರೆ ಪೂರ್ಣ ಇಂಗ್ಲಿಷ್ ಅನುವಾದವನ್ನು, ಅನುವಾದಕರ ಸಹಿಯುಳ್ಳ ದೃಢೀಕರಣದೊಂದಿಗೆ ಅಮೆರಿಕದ ಕಚೇರಿಗೆ ಲಗತ್ತಿಸಬೇಕಾಗುತ್ತದೆ. ಭಾರತವು ಅಪೊಸ್ಟೈಲ್ ಒಡಂಬಡಿಕೆಗೆ 2005ರಲ್ಲಿ ಸೇರಿದ್ದು, ಅದನ್ನು ಕೇಳುವ ದೇಶಗಳಿಗೆ ವಿದೇಶಾಂಗ ಸಚಿವಾಲಯದ ಮೊಹರು ಸಾಕಾಗುತ್ತದೆ. ಅಮೀರಾತ್‌ಗೆ ಆ ದೇಶದ ರಾಯಭಾರ ಕಚೇರಿಯ ದೃಢೀಕರಣವನ್ನೂ ಪಡೆಯಬೇಕು.

ಹೆಸರಿನ ವಿಷಯ ಇನ್ನೂ ಸೂಕ್ಷ್ಮವಾದುದು. ಒಂದೇ ಮನೆತನದ ಹೆಸರು ಶಾಲಾ ದಾಖಲೆಯಲ್ಲಿ ‘ಹೆಗಡೆ’ ಎಂದೂ, ಪಾಸ್‌ಪೋರ್ಟಿನಲ್ಲಿ ‘ಹೆಗ್ಡೆ’ ಎಂದೂ, ಇನ್ನೊಂದೆಡೆ ಊರಿನ ಹೆಸರಿನ ಮೊದಲಕ್ಷರ ಸೇರಿಯೂ ಇರುತ್ತದೆ. ಮದುವೆಗೆ ಮೊದಲು ಪಡೆದ ಪಾಸ್‌ಪೋರ್ಟಿನಲ್ಲಿ ತಂದೆಯ ಮನೆಯ ಹೆಸರು, ವಿವಾಹ ಪ್ರಮಾಣ ಪತ್ರದಲ್ಲಿ ಗಂಡನ ಮನೆಯ ಹೆಸರು ಇರುವುದೂ ಉಂಟು. ಪಾಸ್‌ಪೋರ್ಟಿನಲ್ಲಿ ಕೊಟ್ಟ ಹೆಸರಿನ ಅಂಕಣ ಖಾಲಿಯಿದ್ದವರ ಅಮೆರಿಕ ವೀಸಾದಲ್ಲಿ ಆ ಜಾಗದಲ್ಲಿ ‘ಎಫ್‌ಎನ್‌ಯು’ ಎಂದು, ಅಂದರೆ ಹೆಸರು ತಿಳಿದಿಲ್ಲವೆಂದು ಮುದ್ರಿತವಾಗುತ್ತದೆ. ಮುಂದೆ ಬ್ಯಾಂಕಿನಲ್ಲಿಯೂ ಚಾಲನಾ ಪರವಾನಗಿಯಲ್ಲಿಯೂ ಆ ಮಹಿಳೆಯ ಹೆಸರು ಅದೇ ಆಗಿಬಿಡುತ್ತದೆ. ಒಂದೇ ಹೆಸರುಳ್ಳ ಪಾಸ್‌ಪೋರ್ಟಿನ ಮೇಲೆ ಪ್ರವಾಸಿ ವೀಸಾದಡಿ ಬರುವವರಿಗೆ ಅಮೀರಾತ್ 2022ರ ನವೆಂಬರ್‌ನಲ್ಲಿ ನಿರ್ಬಂಧ ವಿಧಿಸಿತ್ತು. ವಿದೇಶಕ್ಕೆ ಹೊರಡುವ ಮೊದಲೇ ತಿದ್ದುಪಡಿ ಮಾಡಿಸಿಕೊಳ್ಳುವುದು ಸುಲಭ. ಹೊರಟ ನಂತರ ಎರಡೂ ದೇಶಗಳ ದಾಖಲೆಗಳನ್ನು ಸರಿಪಡಿಸಬೇಕಾಗುತ್ತದೆ.

ವಿದೇಶದಲ್ಲಿ ಪಾಸ್‌ಪೋರ್ಟ್ ನವೀಕರಿಸುವಾಗ ಪೊಲೀಸ್ ಪರಿಶೀಲನೆ ಅಗತ್ಯವೆನಿಸಿದಲ್ಲಿ, ಆ ಕೋರಿಕೆ ಅರ್ಜಿಯಲ್ಲಿ ನಮೂದಿಸಿದ ಊರಿನ ವಿಳಾಸಕ್ಕೆ ಬರುತ್ತದೆ. ಮನೆಯಲ್ಲಿರುವ ಹಿರಿಯರಿಗೆ ಮುಂಚಿತವಾಗಿ ವಿಷಯ ತಿಳಿಸಿ, ಹಳೆಯ ಪಾಸ್‌ಪೋರ್ಟಿನ ನಕಲನ್ನು ಅವರ ಬಳಿ ಇರಿಸುವುದು ಉಪಯುಕ್ತ.

ವಿದೇಶಿ ಪೌರತ್ವದ ಸದಸ್ಯರೊಡನೆ ಮರಳುವವರಿಗೆ

ಅಮೆರಿಕದಲ್ಲಿ ಜನಿಸಿ ಅಲ್ಲಿಯ ಪಾಸ್‌ಪೋರ್ಟ್ ಹೊಂದಿರುವ ಮಗು ಅಥವಾ ವಿದೇಶಿ ಸಂಗಾತಿಯೊಡನೆ ಊರಿಗೆ ಬಂದು ನೆಲೆಸುವವರಿಗೆ ಇದೇ ನಿಯಮಗಳು ಮಗ್ಗುಲು ಬದಲಿಸಿ ಎದುರಾಗುತ್ತವೆ. 1920, 1939, 1946 ಮತ್ತು 2000ನೇ ಇಸವಿಯ ನಾಲ್ಕು ಕಾಯ್ದೆಗಳ ಬದಲಿಗೆ ವಲಸೆ ಮತ್ತು ವಿದೇಶಿಯರ ಕಾಯ್ದೆ, 2025 ಆ ವರ್ಷದ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದಿದೆ. ವೀಸಾ ಅವಧಿ ಮೀರಿ ಉಳಿದವರಿಗೆ ಮೂರು ವರ್ಷದವರೆಗೆ ಸೆರೆವಾಸ, ಮೂರು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಲು ಅವಕಾಶವಿದೆ. ಜಿಲ್ಲೆಯಲ್ಲಿಯೇ 2025ರ ಜುಲೈನಲ್ಲಿ ಗೋಕರ್ಣದ ರಾಮತೀರ್ಥ ಗುಡ್ಡದ ಗುಹೆಯಲ್ಲಿ ಇಬ್ಬರು ಮಕ್ಕಳೊಡನೆ ಪತ್ತೆಯಾದ ರಷ್ಯಾದ ಮಹಿಳೆಯ ವೀಸಾ 2017ರಲ್ಲಿಯೇ ಮುಗಿದಿತ್ತೆಂದು ಪೊಲೀಸರು ತಿಳಿಸಿದ್ದರು. ಆ ಪ್ರಕರಣ ರಾಜ್ಯ ಉಚ್ಚ ನ್ಯಾಯಾಲಯದವರೆಗೂ ಹೋಯಿತು.

ಸಾಗರೋತ್ತರ ಭಾರತೀಯ ಪೌರ ಕಾರ್ಡ್, ಅಂದರೆ ಒಸಿಐ ಹೊಂದಿರುವವರು ಎಷ್ಟೇ ಕಾಲ ಇದ್ದರೂ ವಿದೇಶಿಯರ ನೋಂದಣಿ ಕಚೇರಿಯಲ್ಲಿ ನೋಂದಾಯಿಸಬೇಕಿಲ್ಲ. ಆದರೆ ಸಾಮಾನ್ಯವಾಗಿ ಭಾರತದಲ್ಲಿಯೇ ವಾಸಿಸುವ ಕಾರ್ಡುದಾರರು ಖಾಯಂ ವಿಳಾಸ ಅಥವಾ ಉದ್ಯೋಗ ಬದಲಾದಾಗ ಸದರಿ ಕಚೇರಿಗೆ ಇ-ಮೇಲ್ ಮೂಲಕ ತಿಳಿಸಬೇಕೆಂದು 2021ರ ಅಧಿಸೂಚನೆ ಹೇಳುತ್ತದೆ. ವಿದೇಶಿ ಮೂಲದ ಸಂಗಾತಿಗೆ ಒಸಿಐ ದೊರೆಯಲು ವಿವಾಹ ನೋಂದಣಿಯಾಗಿರಬೇಕು ಮತ್ತು ಅರ್ಜಿಗೆ ಮೊದಲು ಕನಿಷ್ಠ ಎರಡು ವರ್ಷ ನಿರಂತರವಾಗಿ ದಾಂಪತ್ಯ ಮುಂದುವರಿದಿರಬೇಕು. ಅಲ್ಲಿಯವರೆಗೆ ವೀಸಾ ವಿಸ್ತರಣೆ, ನೋಂದಣಿಗಳನ್ನು 2018ರಿಂದ ಇರುವ ಇ-ಎಫ್‌ಆರ್‌ಆರ್‌ಒ ಸೇವೆಯ ಮೂಲಕ ಮನೆಯಿಂದಲೇ ಸಲ್ಲಿಸಬಹುದಾಗಿದೆ. ವಿದೇಶಿ ಅತಿಥಿಗಳನ್ನು ಇರಿಸಿಕೊಳ್ಳುವ ಹೋಂಸ್ಟೇ ಮಾಲೀಕರು ಅವರ ವಿವರವನ್ನು 24 ಗಂಟೆಗಳೊಳಗೆ ಆನ್‌ಲೈನ್ ಮೂಲಕ ಸಲ್ಲಿಸತಕ್ಕದ್ದು.